ಕಪ್ಪಲ್ಲದ ಕಪ್ಪುಪೆಟ್ಟಿಗೆ

2010ರ ಜೂನ್ ತಿಂಗಳು. ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗಿ ವಾರ ಕಳೆದಿತ್ತಷ್ಟೆ. ಎಂಟನೇ ತರಗತಿಯಲ್ಲಿ ಸಮಾಜ ಪಾಠ ಮಾಡುತ್ತಿದ್ದೆ. ಹೊರಗೆ ಮಳೆ ಹಂಚಿನ ಮೇಲೆ ಬಡಿಯುತ್ತಿತ್ತು. ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಟೀಚರ್, ವಿಮಾನ ಪೂರ್ತಿ ಸುಟ್ಟುಹೋದರೂ ಆ ಕಪ್ಪುಪೆಟ್ಟಿಗೆ ಸುಡುವುದಿಲ್ಲವಂತೆ. ಹಾಗಾದರೆ ಇಡೀ ವಿಮಾನವನ್ನೇ ಅದರಿಂದ ಯಾಕೆ ಮಾಡುವುದಿಲ್ಲ?"

ಬೇರೆ ದಿನವಾಗಿದ್ದರೆ "ಅದನ್ನು ವಿಜ್ಞಾನದ ಮೇಷ್ಟ್ರಲ್ಲಿ ಕೇಳು" ಎಂದು ಕೂರಿಸುತ್ತಿದ್ದೆ. ಆದರೆ ಅವಳ ಅಪ್ಪ ಗಲ್ಫಿನಲ್ಲಿದ್ದರು. ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ವಿಮಾನ ಬಜಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ತೀರಿಕೊಂಡಿದ್ದರು. ಬದುಕಿದವರು 8 ಮಂದಿ. ಆ ಬೇಸಿಗೆಯಲ್ಲಿ ನಮ್ಮ ಕರಾವಳಿಯ ಮನೆಗಳಲ್ಲಿ ಬೇರೆ ಮಾತೇ ಇರಲಿಲ್ಲ. "ನಾಳೆ ಹೇಳುತ್ತೇನೆ" ಎಂದೆ.

ನಾನು ಬಿ.ಎ. ಓದಿದವಳು. ಯಂತ್ರದ ವಿಷಯ ನನಗೆ ಮಿಕ್ಸಿಯಿಂದ ಆಚೆ ಹೋಗಿರಲಿಲ್ಲ. ಸಂಜೆ ವಿಜ್ಞಾನದ ಮೇಷ್ಟ್ರನ್ನು ಹಿಡಿದು ಕೇಳಿದೆ, ಸಿಕ್ಕಿದ್ದನ್ನೆಲ್ಲ ಓದಿದೆ. ಮೊದಲು ತಿಳಿದ ಸಂಗತಿಯೆಂದರೆ ಕಪ್ಪುಪೆಟ್ಟಿಗೆ ಕಪ್ಪಗಿಲ್ಲ. ಬೂದಿ, ಮಣ್ಣು, ಕಾಡಿನ ನಡುವೆ ಎದ್ದು ಕಾಣಲಿ ಎಂದು ಅದಕ್ಕೆ ಢಾಳಾದ ಕಿತ್ತಳೆ ಬಣ್ಣ ಬಳಿದಿರುತ್ತಾರೆ. ಸಾಮಾನ್ಯವಾಗಿ ಅವು ಎರಡಿರುತ್ತವೆ. ಒಂದು ಪೈಲಟ್‌ಗಳ ಕೋಣೆಯ ಮಾತನ್ನೂ ಸದ್ದನ್ನೂ ಹಿಡಿದಿಡುತ್ತದೆ, ಇನ್ನೊಂದು ಯಂತ್ರಗಳ ಲೆಕ್ಕವನ್ನು ಬರೆದಿಡುತ್ತದೆ. ಬಿದ್ದಾಗ ಹೆಚ್ಚಾಗಿ ಮೂತಿ ಮೊದಲು ಬಡಿಯುವುದರಿಂದ ಅವನ್ನು ಬಾಲದ ಕಡೆ ಇಡುತ್ತಾರೆ. ಒಳಗಿನ ನೆನಪಿನ ಭಾಗ 1100 ಡಿಗ್ರಿ ಸೆಲ್ಸಿಯಸ್ ಬೆಂಕಿಯನ್ನು ಒಂದು ಗಂಟೆ ತಡೆಯಬೇಕು. ಕಡಲಿಗೆ ಬಿದ್ದರೆ ನೀರು ತಾಗಿದೊಡನೆ ಸೆಕೆಂಡಿಗೊಮ್ಮೆ ಸದ್ದು ಹೊರಡಿಸುವ ಸಾಧನವೊಂದು ಅದಕ್ಕೆ ಅಂಟಿಕೊಂಡಿರುತ್ತದೆ.

ಯಂತ್ರಗಳ ಲೆಕ್ಕವೆಂದರೇನು? ಅದನ್ನೂ ಮೇಷ್ಟ್ರು ನನ್ನಂಥವಳಿಗೆ ತಿಳಿಯುವ ಹಾಗೆ ಹೇಳಿಕೊಟ್ಟರು. ಓಡುವ ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಚಾಚಿದರೆ ಗಾಳಿ ಅಂಗೈಯನ್ನು ಹಿಂದಕ್ಕೆ ತಳ್ಳುತ್ತದಲ್ಲ, ಬಸ್ಸು ಜೋರಾದಷ್ಟೂ ಒತ್ತಡ ಜೋರು. ವಿಮಾನದ ಮೂತಿಯ ಬಳಿ ಪಿಟೋ ಎಂಬ ಸಣ್ಣ ಕೊಳವೆಯಿದೆ. ಅದರ ಬಾಯಿಗೆ ನುಗ್ಗುವ ಗಾಳಿಯ ಒತ್ತಡದಿಂದ ವೇಗ ತಿಳಿಯುತ್ತದೆ. ಚಾರ್ಮಾಡಿ ಘಾಟಿ ಹತ್ತುವಾಗ ಚಿಪ್ಸ್ ಪೊಟ್ಟಣ ತಾನಾಗಿ ಉಬ್ಬುವುದನ್ನು ನೀವೂ ನೋಡಿರಬಹುದು. ಮೇಲೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಇಳಿಯುತ್ತದೆ, ಒಳಗಿನದು ಹಾಗೇ ಉಳಿಯುತ್ತದೆ. ಎತ್ತರ ತೋರಿಸುವ ಸಾಧನದಲ್ಲೂ ಅಂಥದೇ ತೆಳು ತಗಡಿನ ಪುಟ್ಟ ಡಬ್ಬಿಯಿದ್ದು, ಅದು ಉಬ್ಬಿದಷ್ಟು ಮುಳ್ಳು ಸರಿಯುತ್ತದೆ. ಮೋಡದೊಳಗೆ ವಿಮಾನ ವಾಲಿದೆಯೋ ನೆಟ್ಟಗಿದೆಯೋ ಕಣ್ಣಿಗೆ ತಿಳಿಯದು. ಅದಕ್ಕೆ ಬುಗುರಿಯ ಉಪಾಯ. ರಭಸದಿಂದ ತಿರುಗುವ ಬುಗುರಿ ತನ್ನ ನಿಲುವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಸುತ್ತಲಿನ ವಿಮಾನ ವಾಲಿದರೂ ಅದು ನೆಟ್ಟಗೆ ನಿಂತು ಸತ್ಯ ಹೇಳುತ್ತದೆ. ಹೊಸ ವಿಮಾನಗಳಲ್ಲಿ ಈ ಕೆಲಸಗಳನ್ನು ಎಲೆಕ್ಟ್ರಾನಿಕ್ ಸಾಧನಗಳು ಮಾಡಿದರೂ ಮೂಲ ಯುಕ್ತಿ ಇಂಥದೇ.

ಇನ್ನು ಎಂಜಿನ್. ಮುಂದಿನ ಅಲಗುಗಳು ಗಾಳಿಯನ್ನು ಎಳೆದು ಒತ್ತಿ ಒಳಗೆ ತಳ್ಳುತ್ತವೆ. ಅಲ್ಲಿ ಸೀಮೆಎಣ್ಣೆಯ ಜಾತಿಯ ಇಂಧನ ಉರಿದು ಬಿಸಿಗಾಳಿ ಹಿಂದಕ್ಕೆ ನುಗ್ಗುತ್ತದೆ. ಹೋಗುವ ದಾರಿಯಲ್ಲೇ ಇನ್ನೊಂದು ಚಕ್ರವನ್ನು ತಿರುಗಿಸಿ ಹೋಗುತ್ತದೆ, ಆ ಚಕ್ರ ಮುಂದಿನ ಅಲಗುಗಳನ್ನು ತಿರುಗಿಸುತ್ತದೆ. ಇದರ ಸುತ್ತು ಎಷ್ಟು, ಬಿಸಿ ಎಷ್ಟು, ಇಂಧನ ಎಷ್ಟು ಹೋಯಿತು ಎಂಬುದೆಲ್ಲ ಕ್ಷಣಕ್ಷಣವೂ ಪೆಟ್ಟಿಗೆಗೆ ಜಮಾ. ನಾವು ಹಾಲಿನ ಲೆಕ್ಕ ಕ್ಯಾಲೆಂಡರಿನಲ್ಲಿ ಬರೆದ ಹಾಗೆ.

ಇಷ್ಟಾದ ಮೇಲೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಪೆಟ್ಟಿಗೆಯನ್ನು ಕಲ್ಪಿಸಿದ ಮನುಷ್ಯನ ಕತೆ. ಡೇವಿಡ್ ವಾರೆನ್ ಹುಟ್ಟಿದ್ದು 1925ರಲ್ಲಿ, ಆಸ್ಟ್ರೇಲಿಯಾದ ಉತ್ತರದ ಒಂದು ದ್ವೀಪದಲ್ಲಿ. ತಂದೆ ಪಾದ್ರಿ. 1934ರ ಅಕ್ಟೋಬರ್ 19ರಂದು ಆ ತಂದೆ ಹತ್ತಿದ 'ಮಿಸ್ ಹೋಬಾರ್ಟ್' ಎಂಬ ವಿಮಾನ ಬಾಸ್ ಜಲಸಂಧಿಯ ಮೇಲೆ ಕಾಣೆಯಾಯಿತು. ಒಳಗಿದ್ದ 12 ಜನರಲ್ಲಿ ಒಬ್ಬರೂ ಸಿಗಲಿಲ್ಲ. ಹುಡುಗನಿಗೆ ಆಗ ಒಂಬತ್ತು ವರ್ಷ. ತಂದೆ ಕೊಟ್ಟ ಕಡೆಯ ಉಡುಗೊರೆ ಒಂದು ಪುಟ್ಟ ಕ್ರಿಸ್ಟಲ್ ರೇಡಿಯೋ. ಹಾಸ್ಟೆಲಿನಲ್ಲಿ ದೀಪ ಆರಿದ ಮೇಲೆ ಅದನ್ನು ಕಿವಿಗಿಟ್ಟುಕೊಂಡು ಕೇಳುತ್ತಿದ್ದನಂತೆ.

ಮುಂದೆ ಅವರು ರಸಾಯನಶಾಸ್ತ್ರ ಓದಿ ಮೆಲ್ಬರ್ನಿನ ವಿಮಾನ ಸಂಶೋಧನಾಲಯದಲ್ಲಿ ಇಂಧನದ ತಜ್ಞರಾದರು. ಆಗ ಕಾಮೆಟ್ ಎಂಬ ಹೊಸ ಜೆಟ್ ವಿಮಾನಗಳು ಒಂದರ ಹಿಂದೊಂದು ಬೀಳತೊಡಗಿದ್ದವು. 1953ರ ಮೇ 2ರಂದು ಕಲ್ಕತ್ತಾದಿಂದ ಹೊರಟದ್ದೊಂದು ಬಿರುಮಳೆಯಲ್ಲಿ ಮುರಿದುಬಿತ್ತು, 1954ರಲ್ಲಿ ಎರಡು ಮೆಡಿಟರೇನಿಯನ್ ಕಡಲಿಗೆ ಬಿದ್ದವು. ಕಾರಣ ಯಾರಿಗೂ ಹೊಳೆಯದು. ಕಡಲ ತಳದಿಂದ ತುಂಡುಗಳನ್ನು ಎತ್ತಿ ಜೋಡಿಸಿ, ಇನ್ನೊಂದು ಕಾಮೆಟ್ಟನ್ನು ನೀರಿನ ತೊಟ್ಟಿಯಲ್ಲಿಟ್ಟು ಮತ್ತೆ ಮತ್ತೆ ಒತ್ತಡ ಕೊಟ್ಟು ನೋಡಿದ ಮೇಲೆ, ಲೋಹ ದಣಿದು ಬಿರುಕು ಬಿಡುತ್ತಿತ್ತೆಂದು ತಿಳಿಯಿತು. ಆ ಚರ್ಚೆಗಳ ನಡುವೆ ವಾರೆನ್‌ಗೆ ಹೊಳೆಯಿತು. ಪ್ರದರ್ಶನವೊಂದರಲ್ಲಿ ಅವರು ಅಂಗೈಯಗಲದ ಧ್ವನಿಮುದ್ರಣ ಯಂತ್ರ ನೋಡಿದ್ದರು. ಅಂಥದೊಂದು ವಿಮಾನದಲ್ಲಿದ್ದು, ಬೆಂಕಿಗೂ ಉಳಿದರೆ? ಪೈಲಟ್ ಕಡೆಗೆ ಏನು ಕಂಡ, ಏನು ಅಂದ ಎಂದು ಗೊತ್ತಾಗುವುದಿಲ್ಲವೆ?

1954ರಲ್ಲಿ ಟಿಪ್ಪಣಿ ಬರೆದರು. ಹೆಚ್ಚು ಜನ ಕಿವಿಗೊಡಲಿಲ್ಲ. ಆಮೇಲೆ ತಾವೇ ಮಾದರಿಯೊಂದನ್ನು ಮಾಡಿದರು. ಉಕ್ಕಿನ ತಂತಿಯ ಮೇಲೆ ನಾಲ್ಕು ಗಂಟೆಗಳ ಮಾತೂ ಯಂತ್ರದ ಲೆಕ್ಕಗಳೂ ಅದರಲ್ಲಿ ಉಳಿಯುತ್ತಿದ್ದವು. ಪೈಲಟ್‌ಗಳ ಸಂಘಕ್ಕೆ ಇದು ತಮ್ಮ ಮೇಲಿಟ್ಟ ಬೇಹುಗಾರಿಕೆ ಎನ್ನಿಸಿತು. 1958ರಲ್ಲಿ ಭೇಟಿಗೆ ಬಂದ ಇಂಗ್ಲೆಂಡಿನ ಅಧಿಕಾರಿಯೊಬ್ಬರು ಅದರ ಬೆಲೆ ತಿಳಿದು ವಾರೆನ್‌ರನ್ನು ತಮ್ಮ ದೇಶಕ್ಕೆ ಕರೆಸಿಕೊಂಡರು. ಸ್ವಂತ ನಾಡಿಗೆ ಬುದ್ಧಿ ಬಂದದ್ದು 1960ರಲ್ಲಿ ಮಕಾಯ್ ಊರಿನ ಬಳಿ ವಿಮಾನ ಬಿದ್ದು 29 ಜನ ಸತ್ತ ಮೇಲೆ. ವಿಚಾರಣೆ ನಡೆಸಿದ ನ್ಯಾಯಾಧೀಶರು ಇಂಥ ಪೆಟ್ಟಿಗೆ ಇರಲೇಬೇಕೆಂದರು.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮನೆಯ ಕ್ಯಾಸೆಟ್. ನನ್ನ ಅಣ್ಣ 1984ರಲ್ಲಿ ಬಹರೈನಿಗೆ ಹೋದ. ಅಮ್ಮ ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಕಾಗದ ಬರೆಯಲಾರಳು. ಅವನು ಮೊದಲ ರಜೆಯಲ್ಲಿ ಟೇಪ್ ರೆಕಾರ್ಡರ್ ತಂದುಕೊಟ್ಟ. ಅಮ್ಮ ಅದರ ಮುಂದೆ ಕೂತು ಮಾತಾಡುವುದು, ಊರಿಗೆ ಬಂದವರು ವಾಪಸು ಹೋಗುವಾಗ ಆ ಕ್ಯಾಸೆಟ್ ಒಯ್ಯುವುದು. ನಮ್ಮ ಕಡೆ ಆಗ ಎಷ್ಟೋ ಮನೆಗಳ ಪದ್ಧತಿ ಅದು. ಅಮ್ಮ 1989ರಲ್ಲಿ ಹೋದಳು. ವರ್ಷಾಂತಿಕಕ್ಕೆ ಬಂದ ಅಣ್ಣ ಅವಳ ಕ್ಯಾಸೆಟ್ಟುಗಳನ್ನು ತಂದಿದ್ದ. ರಾತ್ರಿ ಎಲ್ಲರೂ ಸುತ್ತ ಕೂತು ಹಾಕಿದೆವು.

"ನಾನು ಹುಷಾರಿದ್ದೇನೆ ಮಗಾ, ನೀನು ಚಿಂತೆ ಮಾಡಬೇಡ" ಎನ್ನುತ್ತಾಳೆ. ಹಿಂದೆ ಕರು ಕೂಗುತ್ತದೆ, ನಾನು ಯಾರನ್ನೋ ಬೈಯುತ್ತಿದ್ದೇನೆ. ಎರಡು ಮಾತಿಗೊಮ್ಮೆ ಕೆಮ್ಮು. 1987ರದ್ದರಲ್ಲಿ ಸಣ್ಣಗೆ, 1988ರದ್ದರಲ್ಲಿ ಮಾತನ್ನೇ ಕಡಿಯುವಷ್ಟು. ಒಲೆಯ ಹೊಗೆ ಕುಡಿದು ಕುಡಿದು ಅವಳ ಎದೆ ಹಾಳಾಗಿತ್ತು. ಆ ಮನೆಯಲ್ಲೇ ಇದ್ದ ನಾನು ದಿನವೂ ಆ ಕೆಮ್ಮು ಕೇಳಿದ್ದೆ, ಆದರೆ ಕೇಳಿಸಿಕೊಂಡಿರಲಿಲ್ಲ. "ಹುಷಾರಿದ್ದೇನೆ" ಎಂಬ ಮಾತನ್ನಷ್ಟೇ ನಂಬಿದ್ದೆವು. ಆಸ್ಪತ್ರೆಗೆ ಕರೆದೊಯ್ದಾಗ ತಡವಾಗಿತ್ತು.

ಪೈಲಟ್‌ಗಳ ಕೋಣೆಯ ಮೈಕು ಮಾತಿನ ಜೊತೆಗೆ ಸುತ್ತಲಿನ ಸದ್ದನ್ನೂ ಹಿಡಿಯುವುದು ಅದಕ್ಕೇ. ಬಜಪೆಯ ಅಪಘಾತದ ವಿಚಾರಣಾ ವರದಿಯಲ್ಲಿ ನಾನು ಓದಿದ್ದು ಇದು. ಉಳಿದಿದ್ದ ಸುಮಾರು ಎರಡು ಗಂಟೆಗಳ ಧ್ವನಿಯಲ್ಲಿ ಮೊದಲ 1 ಗಂಟೆ 40 ನಿಮಿಷ ಇಬ್ಬರ ನಡುವೆ ಮಾತಿಲ್ಲ. ನಡುನಡುವೆ ಕ್ಯಾಪ್ಟನ್ನರ ಗೊರಕೆಯ ಸದ್ದು. ಎಚ್ಚರವಾದ ಮೇಲೂ ನಿದ್ದೆಯ ಮಂಪರು ಬಿಡದೆ ತೀರ್ಮಾನ ತಪ್ಪಿತು ಎನ್ನುತ್ತದೆ ವರದಿ. ಇಳಿಯುವುದು ಬೇಡ, ಮತ್ತೆ ಮೇಲಕ್ಕೇರೋಣ ಎಂದು ಜೊತೆಯ ಪೈಲಟ್ ಮೂರು ಬಾರಿ ಹೇಳಿದ್ದರು. ಆ ಕ್ಯಾಪ್ಟನ್ನರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ನಿದ್ದೆ ಯಾರಿಗೆ ಬರುವುದಿಲ್ಲ? ಆದರೆ ಹೇಳಿದವರ ಮಾತು ಕೇಳಿಸಿಕೊಳ್ಳದಿದ್ದರೆ ಏನಾಗುತ್ತದೆಂದು ಆ ಪೆಟ್ಟಿಗೆ ಬರೆದಿಟ್ಟಿದೆ. ಬರೆದಿಟ್ಟದ್ದನ್ನು ಓದಿ ಮುಂದಿನವರು ಎಚ್ಚರಾಗಬೇಕು. ಇತಿಹಾಸ ಕಲಿಸುವವಳಾಗಿ ಇಷ್ಟು ವರ್ಷ ನಾನು ಹೇಳಿಕೊಂಡು ಬಂದದ್ದೂ ಇದನ್ನೇ.

ಆ ಹುಡುಗಿಗೆ ಮರುದಿನ ಉತ್ತರ ಹೇಳಿದೆ. "ಇಡೀ ವಿಮಾನವನ್ನು ಹಾಗೆ ಮಾಡಿದರೆ ಅದು ಭಾರಕ್ಕೆ ಏಳುವುದೇ ಇಲ್ಲ. ಎದ್ದರೂ, ಸ್ಟೀಲ್ ಡಬ್ಬಿಯಲ್ಲಿ ಮೊಟ್ಟೆಯಿಟ್ಟು ಮಹಡಿಯಿಂದ ಹಾಕಿದರೆ ಡಬ್ಬಿ ಉಳಿದೀತು, ಮೊಟ್ಟೆ?" ಹೇಳಿದ ಮೇಲೆ ಅವಳ ಮುಖ ನೋಡಿ ಯಾಕಾದರೂ ಹೇಳಿದೆನೋ ಅನ್ನಿಸಿತು. ಅದಕ್ಕೇ ವಾರೆನ್ ಕತೆಯನ್ನೂ ಹೇಳಿದೆ. "ಆ ಪೆಟ್ಟಿಗೆ ಬಿದ್ದವರನ್ನು ಉಳಿಸುವುದಿಲ್ಲ ಮಗೂ. ನಾಳೆ ಹತ್ತುವವರನ್ನು ಉಳಿಸುತ್ತದೆ." ಅವಳು ಸ್ವಲ್ಪ ಹೊತ್ತು ಯೋಚಿಸಿ, "ನನ್ನ ಅಪ್ಪ ಡಿಸೆಂಬರಿನಲ್ಲಿ ಹತ್ತುತ್ತಾರೆ ಟೀಚರ್" ಎಂದಳು.

ಅದೇ ವರ್ಷ ಜುಲೈ 19ರಂದು ವಾರೆನ್ ತೀರಿಕೊಂಡರು, 85ನೇ ವಯಸ್ಸಿನಲ್ಲಿ. 'ವಿಮಾನ ಮುದ್ರಕದ ಸಂಶೋಧಕ, ತೆರೆಯಬೇಡಿ' ಎಂದು ಅವರ ಶವಪೆಟ್ಟಿಗೆಯ ಮೇಲೆ ಬರೆದಿತ್ತಂತೆ. ನಗು ಬಂತು, ಕಣ್ಣೂ ತುಂಬಿತು.

ಡಿಸೆಂಬರಿನಲ್ಲಿ ಹುಡುಗಿಯ ಅಪ್ಪ ಕ್ಷೇಮವಾಗಿ ಬಂದರು. ಅವಳೀಗ ನರ್ಸ್ ಆಗಿ ತಾನೇ ಗಲ್ಫಿನಲ್ಲಿದ್ದಾಳೆ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ವಿಮಾನ ಬಿದ್ದಾಗ, ಎರಡು ದಿನ ಬಿಟ್ಟು ಫೋನ್ ಮಾಡಿದಳು. "ಪೆಟ್ಟಿಗೆ ಸಿಕ್ಕಿತಂತೆ ಟೀಚರ್" ಎಂದಳು. ಹೌದೆಂದೆ. ಮಾತಿನ ನಡುವೆ ನಾನು ಎರಡು ಸಲ ಕೆಮ್ಮಿದೆನಂತೆ. ಫೋನ್ ಇಡುವ ಮೊದಲು, "ಟೀಚರ್, ನಾಳೆಯೇ ಡಾಕ್ಟರಿಗೆ ತೋರಿಸಿ" ಎಂದಳು.

ಹೋಗಿ ತೋರಿಸಿಕೊಂಡು ಬಂದೆ.