ಪಟ್ಟಿಯೊಳಗಿನ ಪಟ್ಟಿ: ಬಿಡಿಭಾಗಗಳ ಲೆಕ್ಕದಿಂದ ಡೇಟಾಬೇಸಿನವರೆಗೆ

ಡೇಟಾಬೇಸ್ ಎಂದೊಡನೆ ಬ್ಯಾಂಕಿನ ಲೆಕ್ಕವೋ ರೈಲು ಟಿಕೆಟ್ಟೋ ನೆನಪಾಗುತ್ತದೆ. ಅದರ ಆರಂಭದ ಚರಿತ್ರೆಯಲ್ಲಿ ಕಾರ್ಖಾನೆಯ ಬಿಡಿಭಾಗಗಳ ಪಟ್ಟಿಗೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ ಎಂಬುದು ಈ ಲೇಖನದ ವಾದ.

ಕಾರ್ಖಾನೆಯವರು 'ಬಾಮ್' ಎನ್ನುವ ಬಿಲ್ ಆಫ್ ಮೆಟೀರಿಯಲ್ಸ್ ಮೇಲ್ನೋಟಕ್ಕೆ ಮದುವೆ ಮನೆಗೆ ಅಡುಗೆ ಭಟ್ಟರು ಬರೆದುಕೊಡುವ ಸಾಮಾನು ಚೀಟಿಯಂತೆಯೇ ಕಾಣುತ್ತದೆ. ಆದರೆ ಯಂತ್ರದೊಳಗೆ ಗೇರ್‌ಬಾಕ್ಸ್, ಅದರೊಳಗೆ ಶಾಫ್ಟು, ಶಾಫ್ಟಿಗೆ ಬೇರಿಂಗು. ಹೀಗೆ ಇದು ಪಟ್ಟಿಯೊಳಗಿನ ಪಟ್ಟಿ. ಅದೇ ಬೇರಿಂಗು ಬೇರೆ ಹತ್ತು ಯಂತ್ರಗಳಿಗೂ ಬೇಕಾಗಬಹುದು. ಇದರೊಳಗೆ ಏನೇನಿದೆ, ಇದು ಎಲ್ಲೆಲ್ಲಿಗೆ ಹೋಗುತ್ತದೆ ಎಂಬ ಎರಡೂ ಪ್ರಶ್ನೆಗಳಿಗೆ ಒಂದೇ ಕಡತ ಉತ್ತರಿಸಬೇಕು. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಗಣಿತಜ್ಞ ಆಂಡ್ರ್ಯೂ ವಾಜೋನಿ 1950ರ ದಶಕದಲ್ಲಿ ಈ ಸಂಬಂಧವನ್ನು ಮ್ಯಾಟ್ರಿಕ್ಸ್ ಗಣಿತಕ್ಕೆ ಅಳವಡಿಸಿದರು.

ಅದುವರೆಗೆ ದಾಸ್ತಾನಿನ ಲೆಕ್ಕ ಬೇರೆ ದಾರಿಯಲ್ಲಿತ್ತು. ಒಮ್ಮೆಗೆ ಎಷ್ಟು ತರಿಸಬೇಕೆಂಬ ಫೋರ್ಡ್ ಹ್ಯಾರಿಸ್ ಅವರ 1913ರ ಸೂತ್ರ ಪ್ರತಿ ಭಾಗವನ್ನೂ ಒಂಟಿಯಾಗಿಯೇ ನೋಡುತ್ತಿತ್ತು. ಐಬಿಎಂನ ಜೋಸೆಫ್ ಆರ್ಲಿಕಿ ತಿದ್ದಿದ್ದು ಇದನ್ನೇ. ನೂರು ಸೈಕಲ್ ಮಾಡುವುದು ಗೊತ್ತಿದ್ದರೆ ಇನ್ನೂರು ಚಕ್ರ ಬೇಕೆಂಬುದು ಊಹೆಯ ಮಾತಲ್ಲ, ಗುಣಾಕಾರ. ಈ ಪದ್ಧತಿಯನ್ನು 1964ರಲ್ಲಿ ಬ್ಲ್ಯಾಕ್ ಆಂಡ್ ಡೆಕರ್ ಕಂಪನಿ ಜಾರಿಗೆ ತಂದಿತು. ಆರ್ಲಿಕಿಯವರ ಗ್ರಂಥ 1975ರಲ್ಲಿ ಬಂತು.

ಗುಣಾಕಾರ ಸರಳ, ಹುಡುಕಾಟ ಕಷ್ಟ. ಟೇಪಿನಲ್ಲಿ ಒಂದು ಭಾಗದ ವಿವರ ಬೇಕೆಂದರೆ ಅದರ ಹಿಂದಿನದನ್ನೆಲ್ಲ ದಾಟಿಕೊಂಡೇ ಹೋಗಬೇಕಿತ್ತು. ನೇರವಾಗಿ ಬೇಕಾದ ಜಾಗಕ್ಕೆ ಹೋಗಲು ಬಿಟ್ಟದ್ದು ಡಿಸ್ಕ್. 1956ರ ಐಬಿಎಂ ರಾಮ್ಯಾಕ್ ಯಂತ್ರದ 50 ತಟ್ಟೆಗಳಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ ಮಾತ್ರ. ಆದರೂ ಮುಂದಿನದೆಲ್ಲ ಅಲ್ಲಿಂದಲೇ ಹೊರಟಿತು.

ನಿಜವಾದ ಒತ್ತಡ ಬಂದದ್ದು ಚಂದ್ರಯಾನದಿಂದ. ಅಪೊಲೊ ನೌಕೆಯಲ್ಲಿದ್ದ ಭಾಗಗಳು ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಆ ಪಟ್ಟಿಯನ್ನು ನಿಭಾಯಿಸಲು 1966ರಲ್ಲಿ ಐಬಿಎಂ, ನೌಕೆ ಕಟ್ಟುತ್ತಿದ್ದ ನಾರ್ತ್ ಅಮೆರಿಕನ್ ಏವಿಯೇಷನ್ ಮತ್ತು ಕ್ಯಾಟರ್‌ಪಿಲ್ಲರ್ ಕೈಜೋಡಿಸಿದವು. ಟ್ರ್ಯಾಕ್ಟರ್ ತಯಾರಕರು ಈ ಕೂಟದಲ್ಲಿದ್ದುದು ನನಗೆ ಬಹು ಅರ್ಥಪೂರ್ಣವಾಗಿ ಕಾಣುತ್ತದೆ: ಚಂದ್ರನಿಗಾಗಲಿ ಹೊಲಕ್ಕಾಗಲಿ, ಪಟ್ಟಿಯ ಸ್ವಭಾವ ಒಂದೇ. 1968ರ ಆಗಸ್ಟ್ 14ರಂದು ಕ್ಯಾಲಿಫೋರ್ನಿಯಾದ ಡೌನಿಯ ಟರ್ಮಿನಲ್ಲಿನಲ್ಲಿ, ಅವರು ಕಟ್ಟಿದ ವ್ಯವಸ್ಥೆ ಸಿದ್ಧವೆಂದು ಸಾರುವ 'ರೆಡಿ' ಎಂಬ ಪದ ಮೂಡಿತು. ಮರುವರ್ಷ ಆ ವ್ಯವಸ್ಥೆ ಐಎಂಎಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ದತ್ತಾಂಶವನ್ನು ಅದು ಮರದಂತೆ ಜೋಡಿಸುತ್ತಿತ್ತು: ಬುಡದಲ್ಲಿ ಯಂತ್ರ, ಕೊಂಬೆಗಳಲ್ಲಿ ಜೋಡಣೆಗಳು, ತುದಿಯಲ್ಲಿ ಬೋಲ್ಟು.

1970ರಲ್ಲಿ ಐಬಿಎಂನವರೇ ಆದ ಎಡ್ಗರ್ ಕಾಡ್ ಈ ಮರವನ್ನು ಪ್ರಶ್ನಿಸಿದರು. ಒಂದು ಜೋಡಣೆಗೆಂದು ಬರೆದ ಪ್ರೋಗ್ರಾಂ ಜೋಡಣೆ ಬದಲಾದರೆ ಕೆಡುತ್ತದೆ ಎಂದು ತೋರಿಸಲು ಅವರು ಎತ್ತಿಕೊಂಡ ನಿದರ್ಶನವೂ ಬಿಡಿಭಾಗಗಳದೇ. ಒಂದು ಭಾಗ, ಅದು ಸೇರುವ ಭಾಗ, ಸಂಖ್ಯೆ: ಮೂರೇ ಕಂಬಸಾಲಿನ ಕೋಷ್ಟಕ. ಕೋಷ್ಟಕ ಗೆದ್ದಿತು. ಆದರೆ ಪಟ್ಟಿಯೊಳಗಿನ ಪಟ್ಟಿಗೆ ಎಷ್ಟು ಆಳವಿದ್ದರೂ ಒಂದೇ ಪ್ರಶ್ನೆಯಲ್ಲಿ ಇಳಿದು ನೋಡುವ ಸೌಲಭ್ಯ, ಕೋಷ್ಟಕಗಳಿಗೆ ಪ್ರಶ್ನೆ ಕೇಳುವ ಎಸ್‌ಕ್ಯೂಎಲ್ ಭಾಷೆಯ ಪ್ರಮಾಣಕ್ಕೆ ಸೇರಿದ್ದು 1999ರಲ್ಲಿ, ಕಾಡ್ ಅವರ ಪ್ರಬಂಧ ಬಂದು 29 ವರ್ಷಗಳ ನಂತರ.