ಗುರುವಿನ ವೇತನ, ಗುರುವಿನ ಬಿಡಾರ

ಒಂದು ದೇಶವು ಪರಭಾಷೆಯೊಂದನ್ನು ಕಲಿಯಲು ಮನಸ್ಸು ಮಾಡಿದಾಗ ಆ ಭಾಷೆಯ ವ್ಯಾಕರಣ, ಪಠ್ಯಕ್ರಮ, ಬೋಧನಾಪದ್ಧತಿಗಳನ್ನು ಕುರಿತು ಪಂಡಿತರು ಗ್ರಂಥಗಳನ್ನೇ ರಚಿಸುತ್ತಾರೆ. ಆದರೆ ಅದನ್ನು ಕಲಿಸಲೆಂದು ಸಮುದ್ರವನ್ನು ದಾಟಿ ಬಂದ ಅಧ್ಯಾಪಕನು ಎಲ್ಲಿ ತಂಗಿದನು, ಯಾರಿಗೆ ಬಾಡಿಗೆ ತೆತ್ತನು, ಸಂಸಾರ ತೂಗಿಸಿದ ಮೇಲೆ ಅವನ ಕೈಯಲ್ಲಿ ಉಳಿದುದೆಷ್ಟು ಎಂಬ ಸಂಗತಿಗಳು ಚರಿತ್ರೆಯ ಪುಟಗಳ ಅಂಚಿನಲ್ಲಿಯೇ ಉಳಿದುಬಿಡುತ್ತವೆ. ಜಪಾನ್ ದೇಶದಲ್ಲಿ ಇಂಗ್ಲಿಷ್ ಭಾಷೆಯ ಅಧ್ಯಯನವು ಬೇರೂರಿದ ಬಗೆಯನ್ನು ಇಂತಹ ಅಂಚಿನ ಸಂಗತಿಗಳ ಮೂಲಕ ನೋಡಿದವರಿಗೆ ಒಂದು ಸತ್ಯವು ಗೋಚರವಾಗದಿರದು: ಅಧ್ಯಾಪಕನಿಗೆ ಸಲ್ಲುವ ವೇತನವು ಆ ನಾಡಿಗೆ ಅವನ ವಿದ್ಯೆ ಎಷ್ಟು ಅಗತ್ಯ ಎಂಬುದನ್ನು ಹೇಳುತ್ತದೆ, ಅವನಿಗೆ ದೊರೆಯುವ ಮನೆಯಾದರೋ, ಆ ನಾಡು ಅವನನ್ನು ಎಷ್ಟು ನಂಬಿದೆ ಎಂಬುದನ್ನು ಹೇಳುತ್ತದೆ. ಈ ಎರಡೂ ಜೊತೆಜೊತೆಯಾಗಿ ಏರಿದ್ದು ವಿರಳ.

ಜಪಾನೀಯರಿಗೆ ಇಂಗ್ಲಿಷನ್ನು ಪಾಠ ಹೇಳಿದ ಮೊದಲ ಇಂಗ್ಲಿಷ್ ಮಾತೃಭಾಷಿಕನೆಂದು ಖ್ಯಾತನಾದ ರಾನಲ್ಡ್ ಮ್ಯಾಕ್‌ಡೊನಾಲ್ಡನು ಬಾಡಿಗೆಯನ್ನು ತೆರಲೇ ಇಲ್ಲ; ಏಕೆಂದರೆ ಅವನ ವಾಸಸ್ಥಾನವೇ ಸೆರೆಮನೆಯಾಗಿತ್ತು. ಸ್ಕಾಟ್ಲೆಂಡಿನ ತಂದೆಗೂ ಅಮೆರಿಕದ ಮೂಲನಿವಾಸಿ ತಾಯಿಗೂ ಹುಟ್ಟಿದ ಈ ತರುಣನು 1848ರಲ್ಲಿ ತಿಮಿಂಗಿಲಬೇಟೆಯ ಹಡಗಿನಿಂದ ಚಿಕ್ಕ ದೋಣಿಯೊಂದನ್ನು ಇಳಿಸಿಕೊಂಡು, ಪರದೇಶೀಯರಿಗೆ ಪ್ರವೇಶವೇ ನಿಷಿದ್ಧವಾಗಿದ್ದ ಜಪಾನಿನ ಉತ್ತರತೀರವನ್ನು ಬೇಕೆಂದೇ ಸೇರಿದನು. ಅಲ್ಲಿಂದ ನಾಗಸಾಕಿಗೆ ಒಯ್ಯಲ್ಪಟ್ಟು, ದೇವಾಲಯದ ಆವರಣದಲ್ಲಿದ್ದ ಕಂಬಿಗಳ ಕೋಣೆಯೊಂದರಲ್ಲಿ ಕೆಲವು ತಿಂಗಳುಗಳ ಕಾಲ ಬಂದಿಯಾಗಿದ್ದಾಗ, ಡಚ್ಚರ ಭಾಷೆಯನ್ನು ಬಲ್ಲ ಹದಿನಾಲ್ಕು ಮಂದಿ ದುಭಾಷಿಗಳು ಅವನ ಬಳಿಗೆ ಬಂದು ಕಂಬಿಗಳ ಹೊರಗೆ ಕುಳಿತು ಪದಗಳನ್ನು ಉಚ್ಚರಿಸಿ ತಿದ್ದಿಸಿಕೊಂಡರು. ಅವರಲ್ಲೊಬ್ಬನಾದ ಮೊರಿಯಾಮಾ ಎಯ್ನೊಸುಕೆ ಎಂಬಾತನು 1854ರಲ್ಲಿ ಅಮೆರಿಕದ ನೌಕಾಧಿಪತಿ ಪೆರಿಯೊಡನೆ ನಡೆದ ಸಂಧಾನದಲ್ಲಿ ದುಭಾಷಿಯಾಗಿದ್ದನು. ವಿದ್ಯೆಯ ಅಗತ್ಯವೇನೋ ಆ ನಾಡಿಗೆ ಅಂದೇ ಇತ್ತು. ವಿಶ್ವಾಸವು ಇನ್ನೂ ಹುಟ್ಟಿರಲಿಲ್ಲ.

1858ರ ಒಪ್ಪಂದಗಳು ದ್ವಾರವನ್ನು ತೆರೆದವಾದರೂ ಮನೆಯೊಳಗೆ ಕರೆಯಲಿಲ್ಲ. ಯೋಕೊಹಾಮಾ, ನಾಗಸಾಕಿ, ಕೋಬೆ ಮೊದಲಾದ ರೇವುಪಟ್ಟಣಗಳಲ್ಲಿ ಗಡಿ ಗುರುತಿಸಿದ ವಸತಿಪ್ರದೇಶಗಳಲ್ಲಿ ಮಾತ್ರ ಪರದೇಶೀಯರು ವಾಸಿಸಬಹುದಾಗಿತ್ತು. ಅಲ್ಲಿಯೂ ನೆಲವನ್ನು ಕೊಳ್ಳುವಂತಿರಲಿಲ್ಲ, ಸರ್ಕಾರದಿಂದ ಗೇಣಿಗೆ ಪಡೆಯಬೇಕಾಗಿತ್ತು. ಅಲ್ಲಿಂದ ಹತ್ತು ರಿ, ಎಂದರೆ ಸುಮಾರು ನಲವತ್ತು ಕಿಲೋಮೀಟರಿನ ಆಚೆಗೆ ಕಾಲಿಡಬೇಕಾದರೆ ರಹದಾರಿ ಅಗತ್ಯವಾಗಿತ್ತು. ಸಿದ್ಧವಾದ ಮನೆಗಳಿಲ್ಲದ ಆ ಮೊದಲ ದಿನಗಳಲ್ಲಿ ಬೌದ್ಧ ದೇವಾಲಯಗಳೇ ಅತಿಥಿಗಳಿಗೆ ಬಿಡಾರಗಳಾದವು. 1859ರಲ್ಲಿ ಬಂದ ವೈದ್ಯನೂ ನಿಘಂಟುಕಾರನೂ ಆದ ಹೆಪ್ಬರ್ನನು ಕನಗಾವಾದ ಜೋಬುತ್ಸುಜಿ ಎಂಬ ದೇವಾಲಯದಲ್ಲಿ ಸಂಸಾರ ಹೂಡಿದನು. ಬಳಿಕ ಯೋಕೊಹಾಮಾಕ್ಕೆ ಸ್ಥಳಾಂತರಗೊಂಡ ಆತನ ಮನೆಯಲ್ಲಿ ಆತನ ಪತ್ನಿ ಕ್ಲಾರಾ 1863ರಲ್ಲಿ ಆರಂಭಿಸಿದ ಇಂಗ್ಲಿಷ್ ತರಗತಿಯು ಮುಂದೆ ದೊಡ್ಡ ವಿದ್ಯಾಸಂಸ್ಥೆಗಳ ಮೂಲವಾಯಿತು.

ಈ ಗಡಿಯನ್ನು ನ್ಯಾಯಸಮ್ಮತವಾಗಿ ದಾಟಿ ಒಳನಾಡಿನಲ್ಲಿ ನೆಲೆಸಲು ಒಂದು ಮುಖ್ಯವಾದ ಮಾರ್ಗವಿತ್ತು. ಅದು ಜಪಾನೀಯರ ಸೇವೆಗೆ ಸೇರುವುದು. 1868ರ ಮೇಜೀ ಪರಿವರ್ತನೆಯ ಬಳಿಕ ಹೊಸ ಸರ್ಕಾರವು ಗಣಿ, ರೈಲು, ಟಂಕಸಾಲೆ, ನ್ಯಾಯಶಾಸ್ತ್ರ, ಭಾಷೆ ಮೊದಲಾದ ಸಕಲ ವಿದ್ಯೆಗಳಿಗೂ ಪರದೇಶದ ತಜ್ಞರನ್ನು ಕರೆಸಿಕೊಂಡಿತು. ಅವರಿಗೆ ಸಲ್ಲುತ್ತಿದ್ದ ವೇತನವು ಇಂದಿಗೂ ಬೆರಗು ಹುಟ್ಟಿಸುವಂತಹುದು. 1871ರ ವೇಳೆಗೆ ಪ್ರಧಾನ ಮಂತ್ರಿಯ ಸ್ಥಾನದಲ್ಲಿದ್ದ ಸಾಂಜೋ ಸಾನೆತೋಮಿಗೆ ತಿಂಗಳಿಗೆ 800 ಯೆನ್, ಮಂತ್ರಿಯಾದ ಇವಾಕುರಾ ತೊಮೊಮಿಗೆ 600 ಯೆನ್ ಸಲ್ಲುತ್ತಿದ್ದಾಗ, ಟಂಕಸಾಲೆಯ ಮುಖ್ಯಸ್ಥನಾದ ಆಂಗ್ಲೇಯ ಕಿಂಡರನಿಗೆ 1,045 ಯೆನ್ನೂ, ಟೋಕಿಯೋ ನಗರದ ಸರ್ಕಾರಿ ಶಾಲೆಯಲ್ಲಿ ಬೋಧಿಸುತ್ತಿದ್ದ ಗಿಡೋ ವರ್ಬೆಕನಿಗೆ 600 ಯೆನ್ನೂ ದೊರೆಯುತ್ತಿದ್ದವು. ರಾಜ್ಯದ ಮಂತ್ರಿಗೂ ಶಾಲೆಯ ಗುರುವಿಗೂ ಸಮವಾದ ವೇತನವನ್ನು ಕೊಟ್ಟ ಕಾಲವು ಲೋಕದ ಚರಿತ್ರೆಯಲ್ಲಿ ಬಹಳವಿಲ್ಲ. ಅಂದಿನ ಕರಾರುಗಳಲ್ಲಿ ವೇತನದೊಡನೆ ಪ್ರಯಾಣದ ಖರ್ಚೂ ವಾಸದ ಮನೆಯೂ ಸೇರಿರುತ್ತಿದ್ದುದರಿಂದ, ಬಾಡಿಗೆಯೆಂಬ ಚಿಂತೆಯೇ ಇವರಿಗೆ ತಿಳಿದಿರಲಿಲ್ಲ.

ವಿಲಿಯಂ ಗ್ರಿಫಿಸನ ವೃತ್ತಾಂತವು ಇದಕ್ಕೆ ಸೊಗಸಾದ ನಿದರ್ಶನ. 1871ರಲ್ಲಿ ಫುಕುಯಿ ಸಂಸ್ಥಾನದ ಶಾಲೆಗೆ ವಿಜ್ಞಾನಗಳನ್ನು ಕಲಿಸಲು ಬಂದ ಈ ಅಮೆರಿಕನ್ನನನ್ನು ಮೊದಲು ಹಳೆಯ ಸಾಮುರಾಯಿ ಭವನವೊಂದರಲ್ಲಿ ಇರಿಸಿ, ಆ ನಡುವೆ ಅವನಿಗೆಂದೇ ಪಾಶ್ಚಾತ್ಯ ಶೈಲಿಯ ಹೊಸ ಮನೆಯೊಂದನ್ನು ಸಂಸ್ಥಾನದ ವೆಚ್ಚದಲ್ಲಿ ಕಟ್ಟಿಸಿದರು. ಆದರೆ ಅದೇ ವರ್ಷ ಸಂಸ್ಥಾನಗಳನ್ನೆಲ್ಲ ರದ್ದುಗೊಳಿಸುವ ರಾಜಾಜ್ಞೆ ಹೊರಟಿತು. ಮನೆ ಕಟ್ಟಿಸಿದ ಪ್ರಭುವೇ ತನ್ನ ಊರನ್ನು ತೊರೆದು ರಾಜಧಾನಿಗೆ ತೆರಳಬೇಕಾಯಿತು. 1872ರ ಆರಂಭದಲ್ಲಿ ಗ್ರಿಫಿಸನೂ ಟೋಕಿಯೋದ ಹಾದಿ ಹಿಡಿದನು. ಅರಸು ಕೊಟ್ಟ ಮನೆಯು ಅರಸುತನದಷ್ಟೇ ಬಾಳಿತು. ಅಂತಹ ಮನೆಯಲ್ಲಿ ಗೌರವವಿತ್ತು, ಸೌಖ್ಯವಿತ್ತು; ನೆರೆಹೊರೆ ಎಂಬುದು ಮಾತ್ರ ಇರಲಿಲ್ಲ.

ಇಷ್ಟು ದುಬಾರಿಯಾದ ವ್ಯವಸ್ಥೆಯು ಬಹುಕಾಲ ನಿಲ್ಲುವಂತಹುದಲ್ಲ, ನಿಲ್ಲಬೇಕೆಂಬ ಇಚ್ಛೆಯೂ ಜಪಾನೀಯರಿಗೆ ಇರಲಿಲ್ಲ. ಯೂರೋಪು ಅಮೆರಿಕಗಳಿಗೆ ಕಳುಹಿಸಿದ ತರುಣರು ಕಲಿತು ಹಿಂದಿರುಗಿದಂತೆಲ್ಲ ಪರದೇಶೀಯರ ಪೀಠಗಳನ್ನು ಅವರೇ ಏರಿದರು. 1877ರ ಅಂತರ್ಯುದ್ಧದ ಬಳಿಕ ಬೊಕ್ಕಸವೂ ಬಿಗಿಯಾಯಿತು. ಕಡೆಗೆ ಪರದೇಶೀಯನನ್ನೇ ಮುಖ್ಯವಾಗಿ ಆಶ್ರಯಿಸಬೇಕಾದ ವಿಷಯವೆಂದು ಉಳಿದದ್ದು ಭಾಷೆಯೇ.

ಆ ಇಳಿಗಾಲದಲ್ಲಿ ಬಂದವನು ಲಾಫ್ಕಾಡಿಯೋ ಹರ್ನ್. ಗ್ರೀಕ್ ತಾಯಿಗೂ ಐರಿಷ್ ತಂದೆಗೂ ಜನಿಸಿ, ಅಮೆರಿಕದಲ್ಲಿ ಪತ್ರಕರ್ತನಾಗಿ ಬಾಳಿ, 1890ರಲ್ಲಿ ಯೋಕೊಹಾಮಾದಲ್ಲಿ ಇಳಿದ ಆತನಿಗೆ ಪಶ್ಚಿಮ ತೀರದ ಮತ್ಸುಯೆ ಎಂಬ ಊರಿನ ಶಾಲೆಯಲ್ಲಿ ತಿಂಗಳಿಗೆ 100 ಯೆನ್‌ಗಳ ಕೆಲಸ ದೊರೆಯಿತು. ವರ್ಬೆಕನ ಆರರಲ್ಲಿ ಒಂದು ಪಾಲು. ಆದರೂ, ಹೊಸದಾಗಿ ಸೇರಿದ ಪ್ರಾಥಮಿಕ ಶಾಲೆಯ ಉಪಾಧ್ಯಾಯನಿಗೆ ಹತ್ತು ಯೆನ್ ಕೂಡ ದೊರೆಯದಿದ್ದ ಕಾಲದಲ್ಲಿ ಅದು ಸಣ್ಣ ಮೊತ್ತವಲ್ಲ. ಇವನಿಗೆಂದು ಯಾರೂ ಮನೆ ಕಟ್ಟಿಸಲಿಲ್ಲ. ಮೊದಲು ಛತ್ರದಂತಹ ಒಂದು ವಸತಿಗೃಹ, ಬಳಿಕ ನೀರಂಚಿನ ಒಂದು ಚಿಕ್ಕ ಮನೆ, 1891ರ ಬೇಸಗೆಯಿಂದ ಕೋಟೆಯ ಕಂದಕದ ಬಳಿಯ ಸಾಮುರಾಯಿ ಮನೆ, ಹೀಗೆ ಹರ್ನನು ಊರಿನ ಉಳಿದ ಗೃಹಸ್ಥರಂತೆಯೇ ಬಿಡಾರ ಬದಲಿಸಿದನು. ಇದರಲ್ಲೆಲ್ಲ ಆತನಿಗೆ ನೆರವಾದವನು ಅದೇ ಶಾಲೆಯ ಸಹೋದ್ಯೋಗಿಯೂ ಪರಮಮಿತ್ರನೂ ಆದ ನಿಶಿದಾ ಸೆಂತಾರೋ.

ನೆಗಿಶಿ ಮನೆತನಕ್ಕೆ ಸೇರಿದ ಆ ಕಡೆಯ ಮನೆಯು ಇಂದಿಗೂ ಸಂರಕ್ಷಿತವಾಗಿದೆ. ಚಾಪೆಹಾಸಿನ ಕೋಣೆಯ ನಡುವೆ ಕುಳಿತರೆ ಮೂರು ದಿಕ್ಕಿನಲ್ಲಿಯೂ ತೋಟವು ಕಾಣಿಸುವಂತೆ ಅದರ ಬಾಗಿಲುಗಳು ಸರಿಯುತ್ತವೆ. ಒಂದು ಬದಿಯಲ್ಲಿ ತಾವರೆಯ ಕೊಳ, ಇನ್ನೊಂದು ಬದಿಯಲ್ಲಿ ಕಲ್ಲುಗಳೂ ಕುರುಚಲು ಮರಗಳೂ. ಒಂದು ಕಣ್ಣು ಕುರುಡಾಗಿ, ಇನ್ನೊಂದರ ದೃಷ್ಟಿಯೂ ಮಂದವಾಗಿದ್ದ ಹರ್ನನು ಕಾಗದವು ಕಣ್ಣಿಗೆ ಹತ್ತಿರವಾಗಲೆಂದು ಅಸಾಧಾರಣ ಎತ್ತರದ ಮೇಜೊಂದನ್ನು ಮಾಡಿಸಿಕೊಂಡು ಬರೆಯುತ್ತಿದ್ದನು. ಶಾಲೆಯಿಂದ ಬಂದೊಡನೆ ಪಾಶ್ಚಾತ್ಯ ಉಡುಪನ್ನು ಕಳಚಿ ಜಪಾನಿನ ತೆಳು ನಿಲುವಂಗಿಯನ್ನು ಧರಿಸಿ ತೋಟದ ಕಡೆಗೆ ಮುಖಮಾಡಿ ಕುಳಿತುಬಿಡುತ್ತಿದ್ದನು. ಕೆಲವೇ ತಿಂಗಳ ಬಾಡಿಗೆದಾರನಾದ ಆತನು ಆ ತೋಟದ ಕಪ್ಪೆಗಳನ್ನೂ ಕೀಟಗಳನ್ನೂ ಮರಗಳ ಕಥೆಗಳನ್ನೂ ಕುರಿತು ಬರೆದ ದೀರ್ಘ ಪ್ರಬಂಧವು 1894ರಲ್ಲಿ ಪ್ರಕಟವಾದ ಆತನ ಮೊದಲ ಜಪಾನ್ ಗ್ರಂಥದ ಶ್ರೇಷ್ಠ ಭಾಗಗಳಲ್ಲೊಂದು.

ಮತ್ಸುಯೆಯಲ್ಲಿಯೇ ಹರ್ನನು ಬಡತನಕ್ಕಿಳಿದ ಸಾಮುರಾಯಿ ಕುಲದ ಸೆತ್ಸು ಎಂಬಾಕೆಯನ್ನು ವರಿಸಿದನು. ಅಲ್ಲಿಗೆ ಆತನ ಖರ್ಚುವೆಚ್ಚದ ಸ್ವರೂಪವೇ ಬದಲಾಯಿತು. ಪತ್ನಿಯ ಸಾಕುತಂದೆತಾಯಿಗಳು, ಅಜ್ಜ, ಆಳುಕಾಳುಗಳು ಎಲ್ಲರೂ ಆ ಒಬ್ಬನ ಸಂಬಳವನ್ನೇ ಆಶ್ರಯಿಸಿದರು. ಮತ್ಸುಯೆಯ ಹಿಮದ ಚಳಿಯನ್ನು ತಾಳಲಾರದೆ, ಹೆಚ್ಚಿದ ಸಂಸಾರಕ್ಕೆ 100 ಯೆನ್ ಸಾಲದೆ, 1891ರ ನವೆಂಬರಿನಲ್ಲಿ ಆತನು ದಕ್ಷಿಣದ ಕುಮಾಮೊತೊ ನಗರದ ಐದನೆಯ ಉಚ್ಚ ಶಾಲೆಯಲ್ಲಿ 200 ಯೆನ್‌ಗಳ ಹುದ್ದೆಯನ್ನು ಸ್ವೀಕರಿಸಿದನು. 1896ರಲ್ಲಿ, ಪತ್ನೀಪುತ್ರರ ಹಕ್ಕು ಭದ್ರವಾಗಲೆಂದು ಜಪಾನಿನ ಪ್ರಜೆಯಾಗಿ ಕೊಯಿಜುಮಿ ಯಾಕುಮೋ ಎಂಬ ಹೆಸರನ್ನು ತಳೆದು, ಟೋಕಿಯೋದ ಸಾಮ್ರಾಜ್ಯ ವಿಶ್ವವಿದ್ಯಾನಿಲಯದಲ್ಲಿ 400 ಯೆನ್‌ಗಳ ಉಪನ್ಯಾಸಕನಾದನು. ಅಲ್ಲಿ ಮೊದಲು ಹಿಡಿದ ಬಾಡಿಗೆಮನೆಯ ಪಕ್ಕದ ದೇವಾಲಯದವರು ಹಣಕ್ಕಾಗಿ ಹಳೆಯ ದೇವದಾರು ಮರಗಳನ್ನು ಕಡಿಸಿದಾಗ ನೊಂದುಕೊಂಡು, ಆ ನೆರೆಯೇ ಬೇಡವೆಂದು, 1902ರಲ್ಲಿ ನಿಶಿ ಓಕುಬೊ ಎಂಬಲ್ಲಿ ಸ್ವಂತ ಮನೆಗೆ ತೆರಳಿದನು. ಪರದೇಶೀಯನಿಗೆ ನೆಲದ ಒಡೆತನವಿಲ್ಲದ ಆ ಕಾಲದಲ್ಲಿ ಇದು ಪ್ರಜೆಯಾದವನಿಗೆ ಮಾತ್ರ ಸಾಧ್ಯವಾದ ಭಾಗ್ಯ.

ಮರುವರ್ಷವೇ ವಿಶ್ವವಿದ್ಯಾನಿಲಯವು ಆತನನ್ನು ಬಿಡುಗಡೆ ಮಾಡಿತು. ವಿದ್ಯಾರ್ಥಿಗಳು ಪ್ರತಿಭಟಿಸಿದರೂ ನಿರ್ಧಾರವು ಕದಲಲಿಲ್ಲ. ಆತನ ಸ್ಥಾನಕ್ಕೆ ಬಂದವರಲ್ಲೊಬ್ಬನು, ಮುಂದೆ ಜಪಾನಿನ ಮಹಾಕಾದಂಬರಿಕಾರನಾದ ನತ್ಸುಮೆ ಸೋಸೆಕಿ. ಈತನು 1895ರಲ್ಲಿ ಮತ್ಸುಯಾಮಾ ಊರಿನ ಮಾಧ್ಯಮಿಕ ಶಾಲೆಯಲ್ಲಿ ಪರದೇಶೀ ಅಧ್ಯಾಪಕನೊಬ್ಬನ ಸ್ಥಾನಕ್ಕೆ ನಿಯುಕ್ತನಾದುದರಿಂದ, ಮುಖ್ಯೋಪಾಧ್ಯಾಯನಿಗೆ 60 ಯೆನ್ ಇದ್ದಾಗ ಈತನಿಗೆ 80 ಯೆನ್ ದೊರೆಯಿತು. ಮರುವರ್ಷ ಹರ್ನ್ ಕಲಿಸಿದ್ದ ಕುಮಾಮೊತೊ ಶಾಲೆಗೇ ಬಂದಾಗ 100 ಯೆನ್, ಎಂದರೆ ಹರ್ನನಿಗೆ ಸಂದುದರ ಅರ್ಧ. ಟೋಕಿಯೋದಲ್ಲಿ ವಿಶ್ವವಿದ್ಯಾನಿಲಯದಿಂದ ಈತನಿಗೆ ಸಂದದ್ದು ವರ್ಷಕ್ಕೆ 800 ಯೆನ್, ಹರ್ನನ ಎರಡು ತಿಂಗಳ ವೇತನ. ಸಾಲದ್ದನ್ನು ಉಚ್ಚ ಶಾಲೆಯೊಂದರಲ್ಲಿ ಮತ್ತೆ ಪಾಠ ಹೇಳಿ 700 ಯೆನ್‌ಗಳಿಂದ ತುಂಬಿಕೊಳ್ಳಬೇಕಾಗಿತ್ತು. ಪರದೇಶೀಯನಿಗೆಂದು ಏರಿಸಿದ ವೇತನದ ಶ್ರೇಣಿಯು ಹೀಗೆ ಆ ಪರದೇಶೀಯನ ನಿರ್ಗಮನಕ್ಕೆ ಕಾರಣವೂ ಆಯಿತು.

ಇದರ ಮಗ್ಗುಲಿಗೆ ಸೋಸೆಕಿಯ ಲಂಡನ್ ವಾಸವನ್ನು ಇರಿಸಿ ನೋಡಬೇಕು. ಇಂಗ್ಲಿಷ್ ಅಧ್ಯಾಪಕನನ್ನೇ ಇಂಗ್ಲೆಂಡಿಗೆ ಕಳುಹಿಸಿ ಕಲಿಸಬೇಕೆಂದು ಸರ್ಕಾರವು 1900ರಲ್ಲಿ ಈತನಿಗೆ ವರ್ಷಕ್ಕೆ 1,800 ಯೆನ್, ಎಂದರೆ ತಿಂಗಳಿಗೆ ಸುಮಾರು 15 ಪೌಂಡುಗಳ ವೃತ್ತಿಯನ್ನು ಕೊಟ್ಟಿತು. ಈ ಹಣದಲ್ಲಿ ಕೇಂಬ್ರಿಜ್‌ನ ಜೀವನವು ನಿಲುಕದೆಂದು ಅರಿತು, ಷೇಕ್ಸ್‌ಪಿಯರ್ ಪಂಡಿತನಾದ ಕ್ರೇಗ್ ಎಂಬಾತನಲ್ಲಿ ಪಾಠಕ್ಕಿಷ್ಟೆಂದು ಹಣ ತೆತ್ತು ಕಲಿಯುತ್ತ, ಎರಡು ವರ್ಷಗಳಲ್ಲಿ ಐದು ಬಿಡಾರಗಳನ್ನು ಬದಲಿಸಿದನು: ಗವರ್ ಸ್ಟ್ರೀಟಿನಿಂದ ವೆಸ್ಟ್ ಹ್ಯಾಂಪ್‌ಸ್ಟೆಡ್‌ಗೆ, ಅಲ್ಲಿಂದ ಥೇಮ್ಸ್ ನದಿಯ ದಕ್ಷಿಣಕ್ಕೆ, ಬಾಡಿಗೆ ಅಗ್ಗವಾದ ಕ್ಯಾಂಬರ್ವೆಲ್‌ಗೆ, ಮನೆಯವರೇ ಊರಾಚೆಯ ಟೂಟಿಂಗಿಗೆ ಹೋದಾಗ ಅವರ ಹಿಂದೆ, ಕಡೆಗೆ ಕ್ಲಾಪಮ್‌ನ ಮೇಲಂತಸ್ತಿನ ಕೋಣೆಗೆ. ಊಟ ಬಾಡಿಗೆಗಳಲ್ಲಿ ಉಳಿಸಿದ ಹಣವೆಲ್ಲ ಪುಸ್ತಕಗಳಿಗೆ ಸಂದಿತು. ಕೈಯಲ್ಲಿ ಹಣವಿದ್ದರೆ ಕೋಣೆ ಸಿಗುತ್ತಿತ್ತು. ಆದರೆ ಆ ಮಹಾನಗರದಲ್ಲಿ ನಿಶಿದಾನಂತಹ ಒಬ್ಬ ಮಿತ್ರನು ಈತನಿಗೆ ದೊರೆಯಲಿಲ್ಲ, ಆ ಏಕಾಂತವು ಈತನ ಚಿತ್ತಸ್ವಾಸ್ಥ್ಯವನ್ನೇ ಕದಡಿತು.

ಹೊಸಬನ ಪರವಾಗಿ ಮುಂದೆ ನಿಲ್ಲುವ ಆ ಮಿತ್ರನ ಸ್ಥಾನವು ಜಪಾನಿನ ಬಾಡಿಗೆಯ ಪದ್ಧತಿಯಲ್ಲಿ ಬಹು ಪುರಾತನವಾದುದು. ಎದೋ ಎಂದು ಕರೆಯಲಾಗುತ್ತಿದ್ದ ಹಳೆಯ ಟೋಕಿಯೋ ನಗರದ ವಠಾರಗಳಲ್ಲಿ ಒಂಬತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಒಂಟಿ ಕೋಣೆಯ ಮನೆಯನ್ನು ಹಿಡಿಯಬೇಕಾದವನು ಕೂಡ ತನಗೆ ಹೊಣೆ ನಿಲ್ಲುವವನಿಂದ ಜಾಮೀನುಪತ್ರವನ್ನು ತರಬೇಕಾಗಿತ್ತು. ವಠಾರವನ್ನು ನೋಡಿಕೊಳ್ಳುವವನು ಬಾಡಿಗೆದಾರರ ನಡತೆಗೆ ನಗರಾಧಿಕಾರಿಗಳ ಮುಂದೆ ಉತ್ತರ ಹೇಳಬೇಕಾಗಿತ್ತು. ಮನೆಯೊಡೆಯನು ತಂದೆ, ಬಾಡಿಗೆದಾರನು ಮಗ ಎಂಬರ್ಥದ ನಾಣ್ಣುಡಿಯೇ ಅಲ್ಲಿ ಹುಟ್ಟಿತು. 1899ರಲ್ಲಿ ಹೊಸ ಒಪ್ಪಂದಗಳು ಜಾರಿಗೆ ಬಂದು ಪರದೇಶೀಯರ ವಸತಿಪ್ರದೇಶಗಳು ರದ್ದಾಗಿ, ಎಲ್ಲಿ ಬೇಕಾದರೂ ವಾಸಿಸುವ ಸ್ವಾತಂತ್ರ್ಯ ದೊರೆತಾಗ, ಅಧ್ಯಾಪಕರು ಸರ್ಕಾರದ ಅತಿಥಿಗಳಾಗಿರುವುದು ತಪ್ಪಿ ಈ ಹಳೆಯ ಪದ್ಧತಿಗೆ ಒಳಪಟ್ಟರು. ವಿಧಿಯ ಬೇಲಿ ಕಳಚಿತು, ಜಾಮೀನಿನ ಹೊಸಿಲು ಉಳಿಯಿತು.

ಇಪ್ಪತ್ತನೆಯ ಶತಮಾನದಲ್ಲಿ ಕವಿಗಳೂ ಲೇಖಕರೂ ಈ ಪೀಠಗಳಿಗೆ ಬಂದರು. ಅವರಲ್ಲಿ ಕನ್ನಡಿಗರು ನೆನೆಯಬೇಕಾದವರು ಜೇಮ್ಸ್ ಕಸಿನ್ಸ್. ಭಾರತಕ್ಕೆ ಬಂದು ನೆಲೆಸಿದ್ದ ಈ ಐರಿಷ್ ಕವಿಗಳು 1919ರಲ್ಲಿ ಟೋಕಿಯೋದ ಕೆಯಿಯೋ ವಿಶ್ವವಿದ್ಯಾನಿಲಯಕ್ಕೆ ಇಂಗ್ಲಿಷ್ ಬೋಧಿಸಲು ತೆರಳಿ, ಹಿಂದಿರುಗಿದ ಕೆಲವು ವರ್ಷಗಳ ಬಳಿಕ ಮೈಸೂರಿನಲ್ಲಿ, ಇಂಗ್ಲಿಷ್ ಕವಿತೆಗಳನ್ನು ಹಿಡಿದು ಬಂದ ವಿದ್ಯಾರ್ಥಿ ಕುವೆಂಪು ಅವರಿಗೆ, ಮಾತೃಭಾಷೆಯಲ್ಲಿ ಬರೆಯಿರೆಂದು ಹಿತವಚನ ಹೇಳಿದರು. ಪರರ ನಾಡುಗಳಲ್ಲಿ ಪಾಠ ಹೇಳಿ, ಅಲ್ಲಿನ ಜನರ ನಡುವೆ ಬಾಳಿದ ಅಧ್ಯಾಪಕನು ತನ್ನ ಭಾಷೆಯ ಹಿರಿಮೆಯನ್ನು ಮಾತ್ರ ಸಾರದೆ ಶಿಷ್ಯನ ಭಾಷೆಯ ಘನತೆಯನ್ನು ಕಾಣಬಲ್ಲನೆಂಬುದಕ್ಕೆ ಇದಕ್ಕಿಂತ ಮಿಗಿಲಾದ ಸಾಕ್ಷ್ಯ ನಮಗೆ ಬೇಕಿಲ್ಲ.

1923ರ ಭೂಕಂಪವೂ ಎರಡನೆಯ ಮಹಾಯುದ್ಧದ ಬಾಂಬುಗಳೂ ಟೋಕಿಯೋ ನಗರವನ್ನು ಎರಡು ಬಾರಿ ಸುಟ್ಟವು. ಮನೆಗಳ ಅಭಾವದಿಂದ, ಹಿಂದಿರುಗಿ ಬರುವ ಠೇವಣಿಯಲ್ಲದೆ, ಒಡೆಯನಿಗೆ ಕಾಣಿಕೆಯಾಗಿ ಸಲ್ಲಿ ಎಂದಿಗೂ ಹಿಂದಿರುಗದ ಮರ್ಯಾದೆಯ ಹಣವೂ ಪದ್ಧತಿಯಲ್ಲಿ ಬೇರೂರಿತು. ಠೇವಣಿ, ಕಾಣಿಕೆ, ದಲ್ಲಾಳಿಗೆ ಒಂದು ತಿಂಗಳ ಬಾಡಿಗೆಯಷ್ಟು ಹಣ, ಮೊದಲ ತಿಂಗಳ ಬಾಡಿಗೆ ಇವೆಲ್ಲ ಸೇರಿದರೆ ಕೆಲವೊಮ್ಮೆ ಐದಾರು ತಿಂಗಳ ಬಾಡಿಗೆಯಷ್ಟು ಹಣವು ಬೀಗದ ಕೈ ದೊರೆಯುವ ಮುನ್ನವೇ ಕೈಬಿಡುತ್ತದೆ. ಒಳಹೊಕ್ಕರೆ ದೀಪವನ್ನೂ ಒಲೆಯನ್ನೂ ತಾನೇ ತರಬೇಕಾದ ಮನೆಗಳೂ ಉಂಟು. ಮೊದಲ ಸಂಬಳವು ಬರುವುದು ತಿಂಗಳ ಕೊನೆಗೆ. 1987ರಲ್ಲಿ ಜಪಾನ್ ಸರ್ಕಾರವು ನಾಲ್ಕು ದೇಶಗಳಿಂದ 848 ತರುಣ ತರುಣಿಯರನ್ನು ಕರೆಸಿ ಜೆಟ್ ಎಂಬ ಯೋಜನೆಯನ್ನು ಆರಂಭಿಸಿ, ತೆರಿಗೆ ಕಳೆದು ವರ್ಷಕ್ಕೆ 36 ಲಕ್ಷ ಯೆನ್‌ಗಳ ವೇತನವನ್ನು ಗೊತ್ತುಪಡಿಸಿತು. ಮಂತ್ರಿಯ ಸಂಬಳಕ್ಕೆ ಹೋಲಿಸುವಂತಹ ಮೊತ್ತವಲ್ಲ ಅದು. ಆದರೆ ಅನೇಕ ಊರುಗಳಲ್ಲಿ ಶಿಕ್ಷಣ ಮಂಡಳಿಯೇ ಮನೆಯನ್ನು ಗೊತ್ತುಮಾಡಿ, ಜಾಮೀನು ನಿಂತು, ತನ್ನ ಹೆಸರಿನಲ್ಲಿ ಬಾಡಿಗೆಯ ಕರಾರಿಗೆ ಮುದ್ರೆಯೊತ್ತಿತು. ಇಂತಹ ಆಸರೆಯಿಲ್ಲದೆ ಖಾಸಗಿ ಪಾಠಶಾಲೆಗಳನ್ನು ನಂಬಿ ಬಂದವರು ಪಡುವ ಪಾಡು ಬೇರೆಯೇ. ಅವರ ಬಳಿ ಹಣವಿದ್ದರೂ ಹೊಣೆಗಾರನಿಲ್ಲದೆ ಅನೇಕ ಬಾಗಿಲುಗಳು ತೆರೆಯವು.

ಪರದೇಶಕ್ಕೆ ಪಾಠ ಹೇಳಲು ಹೊರಡುವವರು ಸಾಮಾನ್ಯವಾಗಿ ಸಂಬಳದ ಅಂಕಿಯನ್ನು ಮೊದಲು ಕೇಳುತ್ತಾರೆ. ಕರೆಸಿಕೊಳ್ಳುವ ನಾಡುಗಳೂ ಅದನ್ನೇ ಮೊದಲು ಸಾರುತ್ತವೆ. ಅಂಕಿಯ ಮಹತ್ತ್ವವನ್ನು ಅಲ್ಲಗಳೆಯಬೇಕಾಗಿಲ್ಲ. ಹರ್ನನೂ ಒಂದು ಮಟ್ಟಿಗೆ 200 ಯೆನ್‌ಗಾಗಿ ತನ್ನ ಪ್ರೀತಿಯ ಊರನ್ನು ತೊರೆದವನು. ಆದರೂ ಆತನು ಬರೆದ ಗ್ರಂಥಗಳನ್ನು ಜಪಾನೀಯರು ಇಂದಿಗೂ ತಮ್ಮವೆಂದು ಓದುತ್ತಿರುವುದಕ್ಕೆ, ಊರಿನ ನಡುವೆ ಆತನಿಗೊಂದು ಮನೆ ದೊರೆತುದೂ, ಅದನ್ನು ದೊರಕಿಸಿಕೊಡಲು ಒಬ್ಬ ಸಹೋದ್ಯೋಗಿ ಮುಂದೆ ನಿಂತುದೂ ವೇತನಕ್ಕಿಂತ ಹೆಚ್ಚಿನ ಕಾರಣಗಳು. ಆದುದರಿಂದ ಗುರುವನ್ನು ಕರೆಸುವ ನಾಡು ವೇತನವನ್ನು ಗೊತ್ತುಪಡಿಸಿದ ಮಾತ್ರಕ್ಕೆ ತನ್ನ ಕರ್ತವ್ಯವು ಮುಗಿಯಿತೆಂದು ತಿಳಿಯಬಾರದು. ಅವನ ಬಾಡಿಗೆಯ ಕರಾರಿಗೆ ಹೊಣೆ ನಿಲ್ಲುವುದನ್ನೂ ನಿಯುಕ್ತಿಯ ಒಂದು ಅಂಗವೆಂದೇ ಭಾವಿಸಿ, ಅದನ್ನು ಆ ನಿಯುಕ್ತಿಪತ್ರದಲ್ಲಿಯೇ ಬರೆದು ಕೊಡಬೇಕು.