ಘಟ್ಟ ಹತ್ತಿ ಬಂದ ಹವಳ

ಬೆಳಗಾವಿಯ ಶಹಾಪುರದಲ್ಲಾಗಲಿ, ಖಾನಾಪುರದ ಪೇಟೆಯಲ್ಲಾಗಲಿ ಅಕ್ಕಸಾಲಿಗರಿಗೆ ಹವಳದ ಪರಿಚಯ ಮಾಡಿಕೊಡಬೇಕಾಗಿಲ್ಲ. ಕರಿಮಣಿಯ ನಡುವೆ ಪೋಣಿಸಿದ ಕೆಂಪು ಮಣಿ, ಕುಜದೋಷಕ್ಕೆಂದು ಉಂಗುರದಲ್ಲಿ ಕೂರಿಸಿದ ಹರಳು, ವೈದ್ಯರು ಜೇನಿನಲ್ಲಿ ಕಲಸಿ ಕೊಡುವ ಪ್ರವಾಳ ಭಸ್ಮ, ಹೀಗೆ ಮೂರು ರೂಪಗಳಲ್ಲಿ ಅದು ಈ ಭಾಗದ ಮನೆಗಳಿಗೆ ತಲೆತಲಾಂತರದಿಂದ ಬಂದಿದೆ. ಆದರೆ ಬೆಳಗಾವಿ ಇರುವುದು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ. ಗೋವೆಯ ಕಡಲಿಗೆ ರಸ್ತೆಯಲ್ಲಿ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಆ ಕಡಲಿನಲ್ಲೂ ಒಡವೆಯ ಕೆಂಪು ಹವಳ ಬೆಳೆಯುವುದಿಲ್ಲ. ಅದರ ತವರು ಯುರೋಪು ಮತ್ತು ಆಫ್ರಿಕಗಳ ನಡುವಿನ ಮೆಡಿಟರೇನಿಯನ್ ಸಮುದ್ರ.

ಈಚೆಗೆ ಹವಳ ಇನ್ನೊಂದು ರೂಪದಲ್ಲಿಯೂ ಮನೆಗಳನ್ನು ಸೇರತೊಡಗಿದೆ. ಉಪ್ಪುನೀರು ತುಂಬಿದ ಗಾಜಿನ ತೊಟ್ಟಿಯಲ್ಲಿ, ನೀಲಿ ದೀಪದ ಕೆಳಗೆ, ಜೀವಂತವಾಗಿ. ನೋಡಿದವರಿಗೆ ಆಸೆ ಹುಟ್ಟುವುದು ಸಹಜ. ಆದರೆ ಒಡವೆಯ ಹವಳ ಎರಡು ಸಾವಿರ ವರ್ಷಗಳಿಂದ ಈ ನಾಡಿನವರನ್ನು ಬೆಲೆಯೊಂದನ್ನೇ ಕೇಳಿತು. ಜೀವಂತ ಹವಳ ಕಡಲನ್ನೇ ಕೇಳುತ್ತದೆ. ಈ ವ್ಯತ್ಯಾಸ ತಿಳಿಯಬೇಕಾದರೆ ಹವಳ ನಡೆದು ಬಂದ ದಾರಿಯನ್ನು ಒಮ್ಮೆ ನೋಡಬೇಕು.

ರೋಮನರು ಕಳುಹಿಸಿದ ಸರಕು

ಹಳಗನ್ನಡದಲ್ಲಿ ಇದು ‘ಪವಳ’. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಪವಳ ಹವಳವಾಯಿತು. ಸಂಸ್ಕೃತದಲ್ಲಿ ಪ್ರವಾಳ, ವಿದ್ರುಮ ಎಂಬ ಹೆಸರುಗಳ ಜೊತೆಗೆ ‘ಲತಾಮಣಿ’ ಎಂಬ ಸೊಗಸಾದ ಹೆಸರೂ ಇದೆ. ಬಳ್ಳಿಯಂತೆ ಕವಲೊಡೆದು ಬೆಳೆಯುವ ರತ್ನ ಎಂಬ ಅರ್ಥ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಖಜಾನೆಗೆ ಸೇರಬೇಕಾದ ವಸ್ತುಗಳ ಸಾಲಿನಲ್ಲಿ ಹವಳವೂ ಬರುತ್ತದೆ. ಅಲ್ಲಿ ಹೇಳಿದ ಒಂದು ಬಗೆಯನ್ನು ಈಜಿಪ್ಟಿನ ಅಲೆಗ್ಸಾಂಡ್ರಿಯಾ ಪಟ್ಟಣದೊಂದಿಗೆ ವಿದ್ವಾಂಸರು ಗುರುತಿಸುತ್ತಾರೆ.

ಕ್ರಿಸ್ತಶಕ ಒಂದನೆಯ ಶತಮಾನದ ಗ್ರೀಕ್ ನಾವಿಕನೊಬ್ಬ ಬರೆದ ‘ಪೆರಿಪ್ಲಸ್’ ಎಂಬ ಕೈಪಿಡಿ ಭಾರತದ ಬಂದರುಗಳಲ್ಲಿ ಇಳಿಯುತ್ತಿದ್ದ ಸರಕುಗಳಲ್ಲಿ ಹವಳವನ್ನು ಹೆಸರಿಸುತ್ತದೆ. ಅದೇ ಶತಮಾನದ ರೋಮನ್ ಲೇಖಕ ಪ್ಲಿನಿ, ರೋಮಿನ ಹೆಂಗಸರಿಗೆ ಭಾರತದ ಮುತ್ತು ಎಷ್ಟು ಪ್ರಿಯವೋ ಭಾರತೀಯರಿಗೆ ಹವಳ ಅಷ್ಟೇ ಪ್ರಿಯ ಎಂಬರ್ಥದ ಮಾತು ಬರೆದಿದ್ದಾನೆ. ಇಲ್ಲಿನ ಬೇಡಿಕೆಯಿಂದಾಗಿ ಅದು ಬೆಳೆಯುವ ಸೀಮೆಯಲ್ಲೇ ಹವಳ ಅಪರೂಪವಾಯಿತೆಂಬ ದೂರೂ ಅವನಲ್ಲಿದೆ. ಬೆಳಗಾವಿಯ ಮಗ್ಗುಲಲ್ಲಿರುವ ವಡಗಾವಿ-ಮಾಧವಪುರದ ಉತ್ಖನನದಲ್ಲಿ ಬೆಳಕಿಗೆ ಬಂದ ಸಾತವಾಹನರ ಕಾಲದ ಪಟ್ಟಣ, ಈ ರೋಮ್ ವ್ಯಾಪಾರ ಏರುಮುಖವಾಗಿದ್ದ ಯುಗಕ್ಕೇ ಸೇರಿದ್ದು.

ಹಲಸಿ, ಗೋವೆ, ವೇಣುಗ್ರಾಮ

ಕರಾವಳಿಯ ಸರಕು ಘಟ್ಟ ಹತ್ತಬೇಕಾದರೆ ಬಂದರು ಮತ್ತು ದಾರಿ ಎರಡೂ ಒಂದು ಕೈಯಲ್ಲಿದ್ದರೆ ಅನುಕೂಲ. ಗೋವೆಯ ಕದಂಬರಿಗೆ ಆ ಅನುಕೂಲವಿತ್ತು. ಕೆಳಗೆ ಗೋಪಕಪಟ್ಟಣದ ಬಂದರು, ಮೇಲೆ ಇಂದಿನ ಖಾನಾಪುರ ತಾಲ್ಲೂಕಿನ ಹಲಸಿ. ಆದಿ ಕದಂಬರ ಕಾಲದಲ್ಲೇ ಪಲಾಶಿಕಾ ಎಂದು ಹೆಸರಾಗಿದ್ದ ಈ ಊರು ಗೋವೆಯ ಕದಂಬರಿಗೆ ಎರಡನೆಯ ರಾಜಧಾನಿಯಂತಿತ್ತು. ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲಿ ಅರಬ್ ಮತ್ತು ಯೆಹೂದಿ ವರ್ತಕರು ಕೆಂಪು ಸಮುದ್ರದ ಮಾರ್ಗವಾಗಿ ಪಶ್ಚಿಮ ಕರಾವಳಿಗೆ ತರುತ್ತಿದ್ದ ವಸ್ತುಗಳಲ್ಲಿ ಹವಳವೂ ಸೇರಿತ್ತು. ಬೆಳಗಾವಿ ಆಗ ರಟ್ಟರ ವೇಣುಗ್ರಾಮ. ಕೋಟೆಯೊಳಗಿನ ಕಮಲ ಬಸದಿ ಕಟ್ಟಿಸಿದ ಕಾಲದ, 1204ರ ಶಾಸನಗಳಲ್ಲಿ ಈ ಊರಿನಲ್ಲಿದ್ದ ಲಾಳ ಮತ್ತು ಮಲೆಯಾಳ ದೇಶಗಳ ವರ್ತಕರ ಉಲ್ಲೇಖವಿದೆ. ಅಂದರೆ ಗುಜರಾತಿನಿಂದ ಕೇರಳದವರೆಗಿನ ಕರಾವಳಿಯ ವ್ಯಾಪಾರಿಗಳು ಆಗಲೇ ಘಟ್ಟದ ಮೇಲೆ ಬಂದು ನೆಲೆಸಿದ್ದರು.

ಪೋರ್ಚುಗೀಸರು ಬಂದಾಗಲೂ ಅವರ ಗಂಟಿನಲ್ಲಿ ಹವಳವಿತ್ತು. 1498ರಲ್ಲಿ ಕಲ್ಲಿಕೋಟೆಯ ಸಾಮೂದಿರಿಗೆ ಒಪ್ಪಿಸಲೆಂದು ವಾಸ್ಕೋ ಡ ಗಾಮ ತೆಗೆದಿಟ್ಟ ಕಾಣಿಕೆಯಲ್ಲಿ ಬಟ್ಟೆ, ಟೋಪಿ, ಸಕ್ಕರೆ, ಎಣ್ಣೆ, ಜೇನುತುಪ್ಪಗಳ ಜೊತೆ ನಾಲ್ಕು ಎಳೆ ಹವಳವೂ ಸೇರಿತ್ತು. ಮೆಕ್ಕಾದಿಂದ ಬರುವ ಬಡ ವ್ಯಾಪಾರಿಯೂ ಇದಕ್ಕಿಂತ ಹೆಚ್ಚು ಕೊಡುತ್ತಾನೆಂದು ಅರಮನೆಯ ಅಧಿಕಾರಿಗಳು ನಕ್ಕುಬಿಟ್ಟರು. ಗೋವೆ 1510ರಲ್ಲಿ ಪೋರ್ಚುಗೀಸರ ವಶವಾಯಿತು. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಇಟಲಿಯ ಲಿವೊರ್ನೊ ಪಟ್ಟಣದ ಯೆಹೂದಿ ವರ್ತಕರು ಲಿಸ್ಬನ್ ಮೂಲಕ ಗೋವೆಗೆ ಹವಳದ ಮಣಿ ಕಳುಹಿಸಿ, ಬದಲಿಗೆ ದಖ್ಖನಿನ ವಜ್ರ ತರಿಸಿಕೊಳ್ಳುತ್ತಿದ್ದರು. ಗೋವೆಯಲ್ಲಿ ಅವರ ವ್ಯವಹಾರ ನೋಡಿಕೊಳ್ಳುತ್ತಿದ್ದವರು ಕಾಮತರಂಥ ಸಾರಸ್ವತ ಮನೆತನಗಳು. ಒಬ್ಬರ ಮುಖ ಒಬ್ಬರು ನೋಡದೆ, ಪತ್ರ ಮತ್ತು ನಂಬಿಕೆಯ ಮೇಲೆ ನಡೆದ ವ್ಯಾಪಾರ ಅದು.

ಗಿಡವೋ, ಕಲ್ಲೋ, ಪ್ರಾಣಿಯೋ?

ಇಷ್ಟು ಶತಮಾನ ಕೊಂಡರೂ ಮಾರಿದರೂ ಹವಳವೆಂದರೇನು ಎಂಬುದು ಯಾರಿಗೂ ಸ್ಪಷ್ಟವಿರಲಿಲ್ಲ. ನೀರಿನಲ್ಲಿ ಮೆತ್ತಗಿದ್ದು ಗಾಳಿ ಸೋಕಿದರೆ ಕಲ್ಲಾಗುವ ಗಿಡ ಎಂದು ಯುರೋಪು ನಂಬಿತ್ತು. ‘ಲತಾಮಣಿ’ ಎಂದವರ ಎಣಿಕೆಯೂ ಅದಕ್ಕೆ ದೂರವಲ್ಲ. 1720ರ ದಶಕದಲ್ಲಿ ಫ್ರಾನ್ಸಿನ ವೈದ್ಯ ಪೇಸೊನೆಲ್, ಹವಳದ ‘ಹೂ’ ಎನ್ನುವುದು ಹೂವಲ್ಲ, ಬಾಯಿ ತೆರೆದ ಪುಟ್ಟ ಪ್ರಾಣಿ ಎಂದು ಹೇಳಿದ. ಪ್ಯಾರಿಸ್ಸಿನ ಪಂಡಿತರಿಗೆ ಅದು ಎಷ್ಟು ಅಸಂಬದ್ಧವಾಗಿ ಕಂಡಿತೆಂದರೆ, ಆತನ ಮಾನ ಉಳಿಸಲೆಂದು ಹೆಸರು ಹೇಳದೆಯೇ ಆ ವಾದವನ್ನು ಸಭೆಯ ಮುಂದಿಟ್ಟು ತಳ್ಳಿಹಾಕಿದರು. ಅವನ ಮಾತಿಗೆ ಮನ್ನಣೆ ಸಿಗಲು ಕಾಲು ಶತಮಾನ ಹಿಡಿಯಿತು.

ಪ್ರಾಣಿಯೆಂದು ತಿಳಿದ ಮೇಲೆ ಸಾಕುವ ಪ್ರಯತ್ನವೂ ಬಂತು. 1846ರಲ್ಲಿ ಇಂಗ್ಲೆಂಡಿನ ಅನ್ನಾ ಥಿನ್ ಎಂಬ ಮಹಿಳೆ ಟಾರ್ಕಿ ಎಂಬ ಕಡಲೂರಿನಿಂದ ಕೆಲವು ಜೀವಂತ ಹವಳಗಳನ್ನು ಜಾಡಿಯಲ್ಲಿ ಲಂಡನ್ನಿಗೆ ತಂದಳು. ಅಲ್ಲಿ ಸಮುದ್ರದ ನೀರು ದುರ್ಲಭ. ಇದ್ದ ನೀರನ್ನೇ ತೆರೆದ ಕಿಟಕಿಯ ಮುಂದೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದು ಸುರಿದು ಗಾಳಿಯಾಡಿಸಬೇಕಾಯಿತು. ದಿನವೂ ಅರ್ಧ, ಮುಕ್ಕಾಲು ಗಂಟೆ ಹಿಡಿಯುತ್ತಿದ್ದ ಈ ಕೆಲಸ ಮನೆಯ ಸೇವಕಿಯ ಪಾಲಿಗೆ ಬಂತು. ಮರುವರ್ಷ ಥಿನ್ ನೀರಿಗೆ ಕಡಲ ಪಾಚಿ ಸೇರಿಸಿದಾಗ ಆ ಶ್ರಮ ಕಡಿಮೆಯಾಯಿತು. ಇಂದು ಮನೆಮನೆಯ ತೊಟ್ಟಿಯಲ್ಲಿ ಗುಂಯ್‌ಗುಡುವ ಪಂಪು ಮಾಡುವುದು ಆ ಸೇವಕಿಯ ಕೆಲಸವನ್ನೇ.

ಇನ್ನೊಂದು ಗುಟ್ಟು ನಂತರ ತಿಳಿಯಿತು. ಬಿಸಿಲುಕಾಣುವ ಆಳದಲ್ಲಿ ದಿಬ್ಬ ಕಟ್ಟುವ ಹವಳಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸವಾಗಿರುತ್ತದೆ. ಜರ್ಮನಿಯ ಕಾರ್ಲ್ ಬ್ರಾಂಡ್ 1881ರಲ್ಲಿ ಅದಕ್ಕೆ ‘ಜೂಜ್ಯಾಂಥೆಲ್ಲಾ’ ಎಂಬ ಹೆಸರಿಟ್ಟ. ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೆ ಕೊಡುತ್ತದೆ. ಹವಳ ಅದಕ್ಕೆ ಮನೆ ಕೊಡುತ್ತದೆ. ಒಡವೆಯ ಕೆಂಪು ಹವಳಕ್ಕೆ ಈ ಒಕ್ಕಲಿಲ್ಲ. ಅದು ಮಬ್ಬುಗತ್ತಲೆಯ ತಂಪು ನೀರಿನಲ್ಲಿ ತೇಲಿ ಬಂದ ಆಹಾರ ಹಿಡಿದು, ವರ್ಷಕ್ಕೆ ಒಂದು ಮಿಲಿಮೀಟರನ್ನೂ ದಪ್ಪವಾಗದೆ ಬೆಳೆಯುವ ದೂರದ ದಾಯಾದಿ. 1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್, ಕಡಲಿನ ಜೀವಂತ ಕಲ್ಲು, ಬಿಸಿಲು ಮತ್ತು ಗಾಳಿಗುಳ್ಳೆ ಇಷ್ಟರಿಂದಲೇ ಹವಳ ಸಾಕಿದ ರೀತಿಯನ್ನು ಪತ್ರಿಕೆಯೊಂದರಲ್ಲಿ ವಿವರಿಸಿದ. ಕಲ್ಲಿನ ರಂಧ್ರಗಳಲ್ಲಿರುವ ಬ್ಯಾಕ್ಟೀರಿಯಾಗಳೇ ನೀರನ್ನು ಶುದ್ಧಗೊಳಿಸುತ್ತವೆ ಎಂಬ ತಿಳಿವಳಿಕೆ ಮನೆಯ ಹವಳ ತೊಟ್ಟಿಗೆ ಅಡಿಪಾಯವಾಯಿತು.

ಬೆಳಗಾವಿಯ ನೀರಿನಲ್ಲಿ ಕಡಲು

ಬೆಳಗಾವಿಗೆ ಕುಡಿಯುವ ನೀರು ಬರುವುದು ರಕ್ಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳಿಂದ. ಮನುಷ್ಯನಿಗೆ ಹಿತವಾದ ನಲ್ಲಿ ನೀರು ಹವಳಕ್ಕೆ ಹಿತವಲ್ಲ. ಅದರಲ್ಲಿನ ಕ್ಲೋರಿನ್ ಮತ್ತಿತರ ಅಂಶಗಳನ್ನು ತೆಗೆದು, ಶುದ್ಧೀಕರಿಸಿದ ನೀರಿಗೆ ಅಕ್ವೇರಿಯಮ್ಮಿಗೆಂದೇ ತಯಾರಿಸಿದ ಸಮುದ್ರದ ಉಪ್ಪನ್ನು ಬೆರೆಸಬೇಕು. ಅಡಿಗೆ ಉಪ್ಪು ನಡೆಯದು. ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ 150 ಲೀಟರ್ ತೊಟ್ಟಿಗೆ ಐದು ಕಿಲೋಗೂ ಹೆಚ್ಚು ಉಪ್ಪು ಬೇಕು.

ಹೊಸಬರು ಸಣ್ಣ ತೊಟ್ಟಿ ಸುಲಭವೆಂದುಕೊಳ್ಳುತ್ತಾರೆ. ನಿಜ ಅದಕ್ಕೆ ವಿರುದ್ಧ. ಆವಿಯಾಗುವಾಗ ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಹದಿನೈದು ಲೀಟರಿನಲ್ಲಿ ಒಂದೂವರೆ ಲೀಟರ್ ಆರಿದರೆ 35 ಇದ್ದ ಉಪ್ಪಿನಂಶ 39ರ ಹತ್ತಿರ ಏರುತ್ತದೆ. 150 ಲೀಟರಿನಲ್ಲಿ ಅಷ್ಟೇ ನೀರು ಆರಿದರೆ ವ್ಯತ್ಯಾಸ ಅರ್ಧ ಅಂಶಕ್ಕಿಂತ ಕಡಿಮೆ. ಆದ್ದರಿಂದ ದೊಡ್ಡ ತೊಟ್ಟಿ ಲೇಸು. ಆರಿದ ನೀರಿನ ಜಾಗಕ್ಕೆ ಪ್ರತಿದಿನ ಉಪ್ಪುನೀರನ್ನಲ್ಲ, ಶುದ್ಧವಾದ ಸಿಹಿನೀರನ್ನು ಸೇರಿಸಬೇಕು.

ತೊಟ್ಟಿ ತುಂಬಿದ ದಿನವೇ ಹವಳ ಇಡಕೂಡದು. ವಿಷವಾದ ಅಮೋನಿಯಾವನ್ನು ನೈಟ್ರೈಟಾಗಿ, ಅದನ್ನು ನೈಟ್ರೇಟಾಗಿ ಬದಲಿಸುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕಾರು ವಾರ ಬೇಕು. ಮೊಸರಿಗೆ ಹೆಪ್ಪು ಹಾಕಿದವರು ಕಾಯುವಂತೆ ಕಾಯಬೇಕು. ನೀರಿನ ಉಷ್ಣತೆ 25-26 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು. ಬೆಳಗಾವಿಯ ಚಳಿಗಾಲದ ಬೆಳಗಿಗೆ ಹೀಟರು, ಏಪ್ರಿಲ್-ಮೇ ತಿಂಗಳ ಮಧ್ಯಾಹ್ನಕ್ಕೆ ನೀರಿನ ಮೇಲೆ ಬೀಸುವ ಫ್ಯಾನು ಅಗತ್ಯ. ಮಡಕೆಯ ನೀರು ತಣ್ಣಗಾಗುವ ನಿಯಮವೇ ಇಲ್ಲಿಯೂ ಕೆಲಸ ಮಾಡುತ್ತದೆ. ಕಲ್ಲುಹವಳ ತನ್ನ ಅಸ್ಥಿ ಕಟ್ಟುವುದು ನೀರಿನಲ್ಲಿ ಕರಗಿದ ಸುಣ್ಣದಂಶದಿಂದ. ಹಾಗಾಗಿ ಲೀಟರಿಗೆ 400ರಿಂದ 450 ಮಿಲಿಗ್ರಾಂ ಕ್ಯಾಲ್ಸಿಯಂ ಕಾಯ್ದುಕೊಳ್ಳಬೇಕು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗುವ ಖಾನಾಪುರದ ಕಡೆ ಬ್ಯಾಟರಿಯಿಂದ ನಡೆಯುವ ಗಾಳಿಪಂಪು ಇಲ್ಲದಿದ್ದರೆ ಒಂದು ರಾತ್ರಿಯಲ್ಲೇ ಎಲ್ಲವೂ ಸತ್ತೀತು. ಕೆಲವು ಗುಂಡಿಹವಳಗಳಲ್ಲಿ ಪಾಲಿಟಾಕ್ಸಿನ್ ಎಂಬ ಕಡುವಿಷವಿರುವುದರಿಂದ ಬರಿಗೈಯಲ್ಲಿ ಮುಟ್ಟುವುದು, ಕುದಿನೀರು ಸುರಿಯುವುದು ಅಪಾಯಕರ.

ಹುಲಿಯ ಸಾಲಿನಲ್ಲಿ ಹವಳ

ಇಷ್ಟೆಲ್ಲ ಸಿದ್ಧತೆಯ ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಈ ಹವಳ ಬಂದದ್ದು ಎಲ್ಲಿಂದ? ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳನ್ನೂ, ಕರಿಹವಳ ಮತ್ತು ಕಡಲಬೀಸಣಿಗೆಗಳನ್ನೂ 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಹುಲಿ ಮತ್ತು ಆನೆ ಇರುವ ಪಟ್ಟಿ ಅದು. ನಮ್ಮ ಕಡಲಿನಿಂದ ಅವನ್ನು ಕಿತ್ತು ಮಾರುವುದು ಮೂರರಿಂದ ಏಳು ವರ್ಷಗಳ ಸಜೆಗೆ ಗುರಿಯಾಗಬಹುದಾದ ಅಪರಾಧ. ಅಂತರರಾಷ್ಟ್ರೀಯ ‘ಸೈಟಿಸ್’ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಜೀವಿಗಳನ್ನು ಸಾಕುವವರು ನೋಂದಣಿ ಮಾಡಿಸಬೇಕೆಂಬ ನಿಯಮ 2024ರಲ್ಲಿ ಬಂದಿದೆ. ಅಂಗಡಿಯವನ ಬಾಯಿಮಾತು ಸಾಲದು. ತಳಿ ಯಾವುದು, ದಾಖಲೆ ಏನಿದೆ ಎಂದು ನೋಡಿ, ಅನುಮಾನವಿದ್ದರೆ ಅರಣ್ಯ ಇಲಾಖೆಯನ್ನು ಕೇಳಿಯೇ ಮುಂದುವರಿಯಬೇಕು. ಒಡವೆಯ ಕೆಂಪು ಹವಳವನ್ನು ಸೈಟಿಸ್ ಪಟ್ಟಿಗೆ ಸೇರಿಸುವ ಪ್ರಸ್ತಾಪಗಳು 2007 ಮತ್ತು 2010ರಲ್ಲಿ ಬಿದ್ದುಹೋದವು. ಅಂತೆಯೇ ಕೊರಳ ಹವಳಕ್ಕೆ ಇಲ್ಲದ ಕಟ್ಟುಪಾಡು ತೊಟ್ಟಿಯ ಹವಳಕ್ಕಿದೆ.

ಕಾನೂನಿನ ಬಿಗಿಗೆ ಕಾರಣವಿದೆ. ಕರ್ನಾಟಕದ ಕರಾವಳಿಯಲ್ಲಿ ಹವಳದ ನೆಲೆಯೆಂದು ಹೆಸರಾದದ್ದು ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪ. ಗೋವೆಯಲ್ಲಿ ಮುರಗಾಂವಿನ ಹೊರಗಿನ ಗ್ರಾಂಡ್ ದ್ವೀಪದ ಸುತ್ತ ಒಂದಿಷ್ಟು ಇದೆ. ಪಶ್ಚಿಮ ಕರಾವಳಿಯಲ್ಲಿ ಹವಳ ಇಷ್ಟು ವಿರಳವಾಗಿರಲು ಘಟ್ಟದ ಮಳೆಯೇ ಒಂದು ಮುಖ್ಯ ಕಾರಣ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಸೇರಿದರೆ, ಅದೇ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕಿಳಿದು ಗೋವೆಯಲ್ಲಿ ಮಾಂಡೋವಿಯಾಗಿ ಕಡಲಿಗೆ ಬೀಳುತ್ತದೆ. ಇಂಥ ನದಿಗಳು ಮಳೆಗಾಲದಲ್ಲಿ ತರುವ ಸಿಹಿನೀರು ಕಡಲಿನ ಉಪ್ಪನ್ನು ಇಳಿಸುತ್ತದೆ. ಕೆಸರು ಬೆಳಕನ್ನು ತಡೆದು ಹವಳದ ಬಾಯಿಯನ್ನು ಮುಚ್ಚುತ್ತದೆ. ಘಟ್ಟದ ಕಾಡು ಬೋಳಾದಷ್ಟೂ ಕೆಸರು ಹೆಚ್ಚು. ತೊಟ್ಟಿಯಲ್ಲಿ ಹವಳವನ್ನು ಕೊಲ್ಲುವ ಸಂಗತಿಗಳೇ ಕಡಲಿನಲ್ಲೂ ಅದನ್ನು ಕೊಲ್ಲುತ್ತವೆ.

ಬಿಸಿಯೂ ಹಾಗೆಯೇ. ಬೇಸಿಗೆಯ ವಾಡಿಕೆಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚು ಉಷ್ಣತೆ ಕೆಲವು ವಾರ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳುಚಿಕೊಳ್ಳುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು. ಜಗತ್ತಿನ ಸಮುದ್ರಗಳೆಲ್ಲ ಕಾದ 2024ರಲ್ಲಿ ಮತ್ತೆ ಆಯಿತು. ತೊಟ್ಟಿಗೆ ಫ್ಯಾನು ಹಾಕಬಹುದು, ಲಕ್ಷದ್ವೀಪಕ್ಕೆ ಹಾಕಲಾಗದು.

ಪ್ಲಿನಿಯ ಕಾಲದಲ್ಲಿ ಈ ನಾಡಿನ ಆಸೆ ಸಾವಿರಾರು ಮೈಲಿ ದೂರದ ಕಡಲನ್ನು ಬರಿದು ಮಾಡಿತ್ತು. ಹವಳ ಒಂದು ಪ್ರಾಣಿಯೆಂಬುದು ಅಂದು ಕೊಂಡವರಿಗೂ ಮಾರಿದವರಿಗೂ ತಿಳಿದಿರಲಿಲ್ಲ. ಇಂದು ಅದು ಶಾಲೆಯ ಮಕ್ಕಳಿಗೂ ಗೊತ್ತು. ಬೆಳಗಾವಿಯ ಮನೆಯೊಂದರಲ್ಲಿ ಕಾನೂನುಬದ್ಧವಾಗಿ ತಂದ ಒಂದು ಹವಳದ ತುಣುಕನ್ನು ವರ್ಷಗಟ್ಟಲೆ ಉಳಿಸಿಕೊಂಡವರಿಗೆ ಉಪ್ಪು, ಬಿಸಿ, ಬೆಳಕು ಮತ್ತು ಕೆಸರಿನ ಲೆಕ್ಕ ದಿನನಿತ್ಯದ ಅಭ್ಯಾಸವಾಗಿರುತ್ತದೆ. ಖಾನಾಪುರದ ಕಾಡಿನಿಂದ ಕಡಲಿಗಿಳಿಯುವ ಹಳ್ಳದ ಬಣ್ಣ ಮಳೆಗಾಲದಲ್ಲಿ ಏಕೆ ಕೆಂಪಾಯಿತು ಎಂದು ಕೇಳಲು ಅವರಿಗಿಂತ ತಕ್ಕವರಿಲ್ಲ.